ಸ್ಕೋರ್ ಶೀಟ್ ಮುಂದಿಟ್ಟುಕೊಂಡು ಇಡೀ ಸೀಸನ್ ಓದುವುದು ಹೇಗೆ

ಬೆಳಗಾವಿಯಲ್ಲಿ ಕಾಲೇಜು ಬಾಸ್ಕೆಟ್‌ಬಾಲ್ ಸೆಮಿಫೈನಲ್ ಸೋತ ರಾತ್ರಿ ಬಸ್ಸಿನಲ್ಲಿ ವಿಜಯಪುರಕ್ಕೆ ವಾಪಸ್ ಬರುತ್ತಿದ್ದೆವು. ಯರಗಟ್ಟಿ ದಾಟಿತು, ಲೋಕಾಪುರ ದಾಟಿತು, ಮುಧೋಳ ದಾಟಿತು. ಹತ್ತು ಹುಡುಗರಲ್ಲಿ ಒಬ್ಬನೂ ಬಾಯಿ ಬಿಡಲಿಲ್ಲ. 9ನೇ ನಂಬರ್ ಹುಡುಗ ಕಿಟಕಿಗೆ ಹಣೆ ಆನಿಸಿ ಕೂತಿದ್ದ. ಒಂದು ಪಾಯಿಂಟ್ ಹಿಂದಿದ್ದಾಗ ಅವನಿಗೆ ಎರಡು ಫ್ರೀ ಥ್ರೋ ಸಿಕ್ಕಿದ್ದವು, ಅಂದರೆ ಎದುರಿನವರ ಫೌಲಿಗೆ ಗೆರೆ ಮೇಲೆ ನಿಂತು ಯಾರ ಅಡ್ಡಿಯೂ ಇಲ್ಲದೆ ಎಸೆಯುವ, ತಲಾ ಒಂದು ಪಾಯಿಂಟಿನ ಎಸೆತ. ಎರಡೂ ತಪ್ಪಿದವು. ಕೊನೆಗೆ ಮೂರು ಪಾಯಿಂಟಿನಿಂದ ಸೋತೆವು.

ಎದ್ದು ನಿಂತು ಏನಾದರೂ ಹೇಳಬೇಕು ಅಂತ ನನಗೆ ಬಹಳ ಅನ್ನಿಸಿತು. ಹೇಳಲಿಲ್ಲ. ಕೆಲವು ವರ್ಷದ ಹಿಂದೆ ಇಂಥದ್ದೇ ಬಸ್ಸಿನಲ್ಲಿ ನಾನು ಮಾತಾಡಿದ್ದೆ. ಒಬ್ಬ ಒಳ್ಳೆಯ ಆಟಗಾರನಿಗೆ ಎಲ್ಲರ ಮುಂದೆ ಬೈದಿದ್ದೆ. ಅವನು ಮರುದಿನ ಗ್ರೌಂಡಿಗೆ ಬರಲಿಲ್ಲ, ಆಮೇಲೂ ಬರಲಿಲ್ಲ. ಅದು ಇವತ್ತಿಗೂ ನನ್ನನ್ನು ಕಾಡುತ್ತದೆ.

ಹಾಗಾಗಿ ನನ್ನ ಮೊದಲ ಮಾತು ಇದು. ಸೋತ ದಿನ ಸೀಸನ್ ಬಗ್ಗೆ ಮಾತಾಡಬೇಡಿ. ಹತ್ತು ದಿನ ಬಿಡಿ. ಕೊನೆಯ ಮ್ಯಾಚು ಉಳಿದ ಎಲ್ಲ ಮ್ಯಾಚುಗಳನ್ನೂ ನುಂಗಿಬಿಡುತ್ತದೆ. ನಾವು ಈ ಸಲ ಏಳು ಮ್ಯಾಚ್ ಆಡಿ ನಾಲ್ಕು ಗೆದ್ದಿದ್ದೆವು. ಆದರೆ ಕಾಲೇಜಿನಲ್ಲಿ ಎಲ್ಲರ ಬಾಯಲ್ಲೂ ಆ ಎರಡು ಫ್ರೀ ಥ್ರೋ ಮಾತ್ರ. ನನ್ನ ತಲೆಯಲ್ಲೂ ಅಷ್ಟೇ ಇತ್ತು.

ನಮ್ಮ ಭಾಗದ ಕಾಲೇಜುಗಳಲ್ಲಿ ಒಬ್ಬನೇ ಪಿಡಿ (ದೈಹಿಕ ಶಿಕ್ಷಣ ನಿರ್ದೇಶಕ) ಕಬಡ್ಡಿ, ವಾಲಿಬಾಲ್, ಅಥ್ಲೆಟಿಕ್ಸ್, ಬಾಸ್ಕೆಟ್‌ಬಾಲ್ ಎಲ್ಲ ನೋಡಿಕೊಳ್ಳಬೇಕು. ಅಸಿಸ್ಟೆಂಟ್ ಇಲ್ಲ, ವಿಡಿಯೋ ತೆಗೆಯುವವರಿಲ್ಲ. ನಮ್ಮ ಕೈಯಲ್ಲಿ ಉಳಿಯುವುದು ಸ್ಕೋರ್ ಶೀಟ್ ಒಂದೇ. ಅದರಲ್ಲಿ ನಾವು ನೋಡುವುದು ಕೆಳಗಿನ ಒಟ್ಟು ಪಾಯಿಂಟ್ ಮಾತ್ರ, ಅಲ್ವಾ? ಅದನ್ನು ಪೂರ್ತಿ ಓದಿದರೆ ಎಷ್ಟು ಸಿಗುತ್ತದೆ ಅಂತ ನನಗೆ ಈ ವರ್ಷ ಗೊತ್ತಾಯಿತು.

ಮೊದಲು ಹಾಳೆ ಕೂಡಿಸಿ

ಫಿಬಾ (ಅಂತರರಾಷ್ಟ್ರೀಯ ಬಾಸ್ಕೆಟ್‌ಬಾಲ್ ಸಂಸ್ಥೆ) ಸ್ಕೋರ್ ಶೀಟಿಗೆ ಒಂದು ಮೂಲ ಪ್ರತಿ, ಮೂರು ಕಾಪಿ ಇರುತ್ತವೆ. ಗೆದ್ದ ತಂಡಕ್ಕೆ ಗುಲಾಬಿ ಬಣ್ಣದ ಕಾಪಿ, ಸೋತ ತಂಡಕ್ಕೆ ಹಳದಿ. ನನ್ನ ಫೈಲಿನಲ್ಲಿ ಈ ಸಲ ಎರಡು ಗುಲಾಬಿ, ಎರಡು ಹಳದಿ ಇದ್ದವು. ಉಳಿದ ಮೂರು ಮ್ಯಾಚಿಗೆ ಬಣ್ಣದ ಕಾಪಿ ಇರಲಿಲ್ಲ, ಸ್ಕೋರರ್ ಟೇಬಲ್ ಹತ್ತಿರ ಹೋಗಿ ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡಿದ್ದೆ. ನೀವೂ ಹಾಗೇ ಮಾಡಿ. ರೆಫರಿ ಸಹಿ ಆದ ಮೇಲೆ ತೆಗೆಯಿರಿ. ಶೀಟಿನ ನಾಲ್ಕೂ ಮೂಲೆ ಫೋಟೋದಲ್ಲಿ ಬಂದಿರಬೇಕು. ನಾಳೆ ಕೇಳೋಣ ಅಂದರೆ ಆ ಹಾಳೆ ಆಮೇಲೆ ಸಿಗುವುದಿಲ್ಲ.

ಇದರ ಜೊತೆ ಒಂದು ನೋಟ್‌ಬುಕ್ ಬೇಕು. ಸ್ಕೋರ್ ಶೀಟಿನಲ್ಲಿ ಟರ್ನೋವರ್, ಅಂದರೆ ಎಸೆಯುವ ಮೊದಲೇ ಚೆಂಡು ಎದುರಿನವರ ಪಾಲಾದದ್ದು, ಇರುವುದಿಲ್ಲ. ಬೆಂಚಿನಲ್ಲಿ ಕೂತ ಒಬ್ಬ ಹುಡುಗನಿಗೆ ಅದನ್ನು ಬರೆಯಲು ಹಚ್ಚಿ. ನಮ್ಮವನು ಒಂದೊಂದೇ ಅಕ್ಷರ ಬರೆಯುತ್ತಾನೆ. ಪಾಸ್ ತಪ್ಪಿದರೆ ಪಾ, ಟ್ರಾವೆಲಿಂಗ್ (ಚೆಂಡು ನೆಲಕ್ಕೆ ಬಡಿಯದೆ ಹೆಚ್ಚು ಹೆಜ್ಜೆ ಹಾಕುವುದು) ಆದರೆ ಟ್ರಾ, ಗೆರೆ ಹೊರಗೆ ಹೋದರೆ ಹೊ, ಎದುರಿನವರು ಕಿತ್ತುಕೊಂಡರೆ ಕಿ. ಪಕ್ಕದಲ್ಲಿ ಆಟಗಾರನ ನಂಬರ್. ಇಷ್ಟೇ ಸಾಕು. ಇನ್ನೂ ಜಾಸ್ತಿ ಬರೆಯಲು ಹೇಳಿದರೆ ಅವನು ಆಟ ನೋಡುವುದನ್ನೇ ಬಿಡುತ್ತಾನೆ. ಅವನೂ ಆಟಗಾರನೇ, ಆಟ ನೋಡುವುದು ಅವನಿಗೂ ಬೇಕು.

ಕೆಂಪು ಪೆನ್ನು, ನೀಲಿ ಪೆನ್ನು

ಶೀಟಿನ ಬಲಗಡೆ 1ರಿಂದ 160ರವರೆಗೆ ಅಂಕಿಗಳ ಉದ್ದ ಸಾಲುಗಳಿವೆ. ಪಾಯಿಂಟ್ ಬಿದ್ದ ಹಾಗೆಲ್ಲ ಸ್ಕೋರರ್ ಅಲ್ಲಿ ಗುರುತು ಹಾಕುತ್ತಾರೆ. ಎರಡು ಪಾಯಿಂಟಿಗೆ ಓರೆ ಗೆರೆ. ಫ್ರೀ ಥ್ರೋಗೆ ತುಂಬಿದ ಚುಕ್ಕೆ. ಮೂರು ಪಾಯಿಂಟ್ ಆದರೆ ಆಟಗಾರನ ನಂಬರಿಗೆ ಸುತ್ತು. ಒಂದು ಮತ್ತು ಮೂರನೇ ಕ್ವಾರ್ಟರ್ (ಆಟದ ಹತ್ತು ನಿಮಿಷದ ಕಾಲು ಭಾಗ) ಕೆಂಪು ಪೆನ್ನಿನಲ್ಲಿ, ಎರಡು ಮತ್ತು ನಾಲ್ಕನೆಯದು ನೀಲಿ ಅಥವಾ ಕಪ್ಪು ಪೆನ್ನಿನಲ್ಲಿ. ಹಾಗಾಗಿ ಯಾವ ಕ್ವಾರ್ಟರ್ ಯಾವಾಗ ಮುಗಿಯಿತು ಅಂತ ಕಣ್ಣಿಗೇ ಕಾಣುತ್ತದೆ. (ಫೋಟೋಕಾಪಿ ಮಾಡಿಸಿದರೆ ಕಲರ್ ಮಾಡಿಸಿ. ಕಪ್ಪು ಬಿಳುಪಿನಲ್ಲಿ ಈ ಅನುಕೂಲ ಹೋಗಿಬಿಡುತ್ತದೆ.)

ನಾನು ಏಳೂ ಶೀಟುಗಳನ್ನು ಮೇಜಿನ ಮೇಲೆ ಹರಡಿ ಒಂದೇ ಒಂದು ಪ್ರಶ್ನೆ ಕೇಳಿಕೊಂಡೆ. ಎಲ್ಲಿ ಎದುರಿನವರ ಗುರುತು ಮುಂದೆ ಹೋಗಿದೆ, ನಮ್ಮದು ನಿಂತಲ್ಲೇ ನಿಂತಿದೆ? ಸೋತ ಮೂರೂ ಮ್ಯಾಚಿನಲ್ಲಿ ಅದು ಎರಡನೇ ಕೆಂಪಿನಲ್ಲೇ ಇತ್ತು. ಅಂದರೆ ಮೂರನೇ ಕ್ವಾರ್ಟರ್. ಸೆಮಿಫೈನಲ್‌ನಲ್ಲಿ ಅವರು 11 ಪಾಯಿಂಟ್ ಸತತವಾಗಿ ಹಾಕಿದ್ದರು. ನಾವು ಮೂರು ಪಾಯಿಂಟಿನಿಂದ ಸೋತದ್ದು ನಿಜ, ಆದರೆ ಮ್ಯಾಚ್ ಕೈ ಬಿಟ್ಟದ್ದು ಆ 9ನೇ ನಂಬರ್ ಹುಡುಗ ಗೆರೆ ಮೇಲೆ ನಿಲ್ಲುವುದಕ್ಕೆ ಎಷ್ಟೋ ಮೊದಲು.

ಅಲ್ಲಿಂದ ಕಣ್ಣನ್ನು ಎಡಗಡೆಗೆ ತನ್ನಿ. ತಂಡದ ಹೆಸರಿನ ಕೆಳಗೆ ಟೈಮ್‌ಔಟ್ ಮನೆಗಳಿವೆ. ಮೊದಲರ್ಧಕ್ಕೆ ಎರಡು, ಎರಡನೇ ಅರ್ಧಕ್ಕೆ ಮೂರು. ಟೈಮ್‌ಔಟ್ ತೆಗೆದುಕೊಂಡಾಗ ಅದು ಆ ಕ್ವಾರ್ಟರಿನ ಎಷ್ಟನೇ ನಿಮಿಷ ಅಂತ ಬರೆಯುತ್ತಾರೆ. ಬಳಸದೆ ಉಳಿದ ಮನೆಗೆ ಎರಡು ಅಡ್ಡ ಗೆರೆ ಎಳೆಯುತ್ತಾರೆ. ಆ ಮ್ಯಾಚಿನಲ್ಲಿ ನನ್ನ ಮೂರನೇ ಕ್ವಾರ್ಟರ್ ಟೈಮ್‌ಔಟ್ 9ನೇ ನಿಮಿಷದಲ್ಲಿತ್ತು. ಹನ್ನೊಂದೂ ಪಾಯಿಂಟ್ ಬಿದ್ದ ಮೇಲೆ. ಕೊನೆಯ ಮನೆಯಲ್ಲಿ ಎರಡು ಅಡ್ಡ ಗೆರೆ. ಹುಡುಗರಿಗೆ ಒಂದು ನಿಮಿಷ ಉಸಿರು ಕೊಡಬಹುದಿತ್ತು, ನಾನು ಕೊಡಲಿಲ್ಲ.

ಇನ್ನೊಂದು ಕಡೆ ನೋಡಿ. ಆಟಗಾರರ ಹೆಸರಿನ ಪಕ್ಕದ ಮನೆಯಲ್ಲಿ ಕೋರ್ಟಿಗೆ ಇಳಿದವನಿಗೆ ಇಂಟು ಗುರುತು ಇರುತ್ತದೆ. ಮೊದಲ ಐವರ ಗುರುತಿಗೆ ಸುತ್ತು ಹಾಕಿರುತ್ತಾರೆ. ಗುರುತೇ ಇಲ್ಲದ ಹೆಸರುಗಳನ್ನು ಎಣಿಸಿ. ಸೆಮಿಫೈನಲ್ ಶೀಟಿನಲ್ಲಿ ನಮ್ಮವು ನಾಲ್ಕು ಇದ್ದವು. ಹತ್ತು ಜನರನ್ನು ಕರೆದುಕೊಂಡು ಹೋಗಿ ಆರು ಜನರನ್ನು ಆಡಿಸಿದ್ದೆ. 9ನೇ ನಂಬರ್ ಹುಡುಗ ಎರಡು ದಿನದಲ್ಲಿ ಮೂರು ಮ್ಯಾಚ್, ಮೂರರಲ್ಲೂ ಪೂರ್ತಿ 40 ನಿಮಿಷ ಆಡಿದ್ದ. ಕೊನೆಯಲ್ಲಿ ಅವನ ಕಾಲಿನಲ್ಲಿ ಏನು ಉಳಿದಿರಬೇಕು?

ಈ ಭಾಗವನ್ನು ಮನೆಯಲ್ಲಿ ಒಬ್ಬರೇ ಕೂತು ಓದಿ. ಓದಿದ್ದನ್ನು ಮೊದಲ ಮೀಟಿಂಗಿನಲ್ಲಿ ಹುಡುಗರಿಗೆ ನೀವೇ ಹೇಳಿ. ನಾನು ಹೇಳಿದೆ. ಅದಾದ ಮೇಲೆ ಅವರೂ ಬಾಯಿ ಬಿಟ್ಟರು.

ಫ್ರೀ ಥ್ರೋ ಲೆಕ್ಕ

ಎಷ್ಟು ಫ್ರೀ ಥ್ರೋ ಬಿದ್ದವು ಅಂತ ನಮ್ಮ ಸಾಲಿನ ಚುಕ್ಕೆ ಎಣಿಸಿದರೆ ಸಿಗುತ್ತದೆ. ಎಷ್ಟು ಸಿಕ್ಕಿದ್ದವು ಅನ್ನುವುದು ಎದುರಿನ ತಂಡದ ಫೌಲ್ ಮನೆಗಳಲ್ಲಿರುತ್ತದೆ. ಬರೀ ಪಿ (ಪರ್ಸನಲ್ ಫೌಲ್) ಇದ್ದರೆ ಫ್ರೀ ಥ್ರೋ ಇಲ್ಲ. ಪಿ ಪಕ್ಕದಲ್ಲಿ ಸಣ್ಣದಾಗಿ 1, 2 ಅಥವಾ 3 ಇದ್ದರೆ ಅಷ್ಟು ಥ್ರೋ. ಟೆಕ್ನಿಕಲ್ ಮತ್ತು ಅನ್‌ಸ್ಪೋರ್ಟ್ಸ್‌ಮನ್‌ಲೈಕ್ ಫೌಲಿಗೂ ಹೀಗೇ ಅಂಕಿ ಇರುತ್ತದೆ. ಅವರ ಕೋಚ್ ಸಾಲನ್ನೂ ಮರೆಯದೆ ನೋಡಿ. ಪಕ್ಕದಲ್ಲಿ ಸಣ್ಣ ಸಿ ಇದ್ದರೆ ಆ ಥ್ರೋಗಳು ರದ್ದಾಗಿವೆ, ಬಿಟ್ಟುಬಿಡಿ. ಉಳಿದ ಅಂಕಿಗಳನ್ನೆಲ್ಲ ಕೂಡಿಸಿ. ಕೆಲವು ಸ್ಕೋರರ್‌ಗಳು ಈ ಅಂಕಿ ಬರೆಯುವುದೇ ಇಲ್ಲ. ಅದಕ್ಕೇ ಬೆಂಚಿನ ಹುಡುಗನ ನೋಟ್‌ಬುಕ್ಕಿನಲ್ಲಿ ಫ್ರೀ ಥ್ರೋಗೂ ಒಂದು ಸಾಲು ಬಿಡಿ.

ಆಮೇಲೆ ನಮ್ಮ ಗ್ರೌಂಡಿನ ಮ್ಯಾಚು ಬೇರೆ, ಹೊರಗಿನ ಮ್ಯಾಚು ಬೇರೆ ಮಾಡಿ. ಇದನ್ನು ಯಾಕೆ ಮಾಡಿದೆ ಅಂತ ನನಗೇ ಹೇಳಲು ಬರುವುದಿಲ್ಲ, ಸುಮ್ನೆ ಮಾಡಿದೆ. ನಮ್ಮ ಗ್ರೌಂಡಿನಲ್ಲಿ 41ಕ್ಕೆ 29 ಬಿದ್ದಿದ್ದವು. ಹೊರಗೆ 58ಕ್ಕೆ 25. ಹೊರಗಿನ ಜನ, ಗದ್ದಲ, ಹೆದರಿಕೆ ಅಂತ ಅಂದುಕೊಂಡು ಅಷ್ಟಕ್ಕೇ ಬಿಟ್ಟೆ.

ಒಬ್ಬೊಬ್ಬರ ಜೊತೆ ಕೂತು ಮಾತಾಡಿ

ಗುಂಪಿನಲ್ಲಿ ಕೇಳಿದರೆ ಎಲ್ಲರೂ ಕ್ಯಾಪ್ಟನ್ ಹೇಳಿದ್ದನ್ನೇ ಹೇಳುತ್ತಾರೆ. ನಾನು ಕೋರ್ಟ್ ಪಕ್ಕದ ಬೇವಿನ ಗಿಡದ ಕೆಳಗೆ ಒಬ್ಬೊಬ್ಬರನ್ನೇ ಕರೆದೆ. ಬೆಳಿಗ್ಗೆ ಏಳರೊಳಗೆ. ನಮ್ಮೂರ ಬೇಸಿಗೆಯಲ್ಲಿ ಆಮೇಲೆ ಹೊರಗೆ ಕೂರಲು ಆಗುವುದಿಲ್ಲ. ಎರಡೇ ಪ್ರಶ್ನೆ ಕೇಳಿದೆ. ಯಾವಾಗ ಆಟ ಕಷ್ಟ ಅನ್ನಿಸಿತು? ನಾನು ಏನು ಬೇರೆ ಮಾಡಬೇಕಿತ್ತು?

ಎರಡನೇ ಪ್ರಶ್ನೆಗೆ ಮೊದಲು ಎಲ್ಲರೂ "ಏನಿಲ್ರಿ ಸರ್" ಅನ್ನುತ್ತಾರೆ. ಸುಮ್ಮನೆ ಕಾಯಿರಿ. ಇಂಡಿ ಕಡೆಯಿಂದ ದಿನಾ ಬಸ್ಸಿಗೆ ಬರುವ ಹುಡುಗ ಸ್ವಲ್ಪ ಹೊತ್ತಾದ ಮೇಲೆ ಹೇಳಿದ, "ಸರ್, ಪ್ರಾಕ್ಟೀಸ್ ಅರ್ಧ ತಾಸು ಮೊದಲ ಶುರು ಮಾಡಿದ್ರ ಬಸ್ ತಪ್ಪೂದಿಲ್ರಿ. ಕಡೀಗೆ ಮ್ಯಾಚ್ ಆಡಸ್ತೀರಲ್ರಿ, ಅದು ನನಗ ಸಿಗೂದ ಇಲ್ಲ." ಶೀಟಿನಲ್ಲಿ ಇಂಟು ಗುರುತಿಲ್ಲದ ನಾಲ್ವರಲ್ಲಿ ಅವನೂ ಒಬ್ಬ. ಅವನು ಆಟದಲ್ಲಿ ಹಿಂದೆ ಅಂತ ನಾನು ತಿಳಿದಿದ್ದೆ. ಅವನಿಗೆ ಆಟವೇ ಸಿಕ್ಕಿರಲಿಲ್ಲ.

9ನೇ ನಂಬರ್ ಹುಡುಗ ಕೊನೆಗೆ ಬಂದ. ಬಹಳ ಹೊತ್ತು ನೆಲ ನೋಡುತ್ತಾ ಕೂತ.

"ಸರ್, ಒಂದ್ ಕೇಳ್ಲೇನ್ರಿ?"

"ಕೇಳಪ್ಪ."

"ಬೆಳಗಾವ್ಯಾಗ ರಿಂಗ್ ಎತ್ತರ ಇತ್ತೇನ್ರಿ?"

"ಎಲ್ಲಾ ಕಡೆ ಒಂದ ಎತ್ತರ ಇರ್ತೈತಿ, ತಮ್ಮಾ" ಅಂದೆ. ಅವನು ಹೂಂರಿ ಅಂತ ಎದ್ದು ಹೋದ. ಮಧ್ಯಾಹ್ನ ಊಟಕ್ಕೆ ಕೂತಾಗ 58ಕ್ಕೆ 25 ನೆನಪಾಯಿತು.

ನಿಮ್ಮ ರಿಂಗ್ ಅಳೆಯಿರಿ

ಸಂಜೆ ಗೌಂಡಿಯೊಬ್ಬರಿಂದ ಟೇಪ್ ತಂದೆ. ನೆಲದಿಂದ ರಿಂಗಿನ ಮೇಲಂಚಿಗೆ 3.05 ಮೀಟರ್ ಇರಬೇಕು, ಅಂದರೆ ಹತ್ತು ಅಡಿ. ನಮ್ಮದು ಒಂಬತ್ತು ಅಡಿ ಒಂಬತ್ತು ಇಂಚು ಇತ್ತು. ಎರಡೂ ಕಡೆ. ಸೀಸನ್‌ಗೆ ಮೊದಲು ಹಳೆಯ ಕೋರ್ಟ್ ಬಿರುಕು ಬಿಟ್ಟಿತ್ತು ಅಂತ ಮೇಲೆ ಹೊಸ ಸಿಮೆಂಟ್ ಹಾಕಿಸಿದ್ದೆವು. ನೆಲ ಮೂರು ಇಂಚು ಮೇಲೆ ಬಂದಿತ್ತು, ಕಂಬ ಇದ್ದಲ್ಲೇ ಇತ್ತು. ನಾನೇ ನಿಂತು ಮಾಡಿಸಿದ ಕೆಲಸ. ಹುಡುಗರು ತಿಂಗಳುಗಟ್ಟಲೆ ತಗ್ಗಿನ ರಿಂಗಿಗೆ ಕೈ ಕೂಡಿಸಿಕೊಂಡು, ಹೊರಗೆ ಹೋಗಿ ಸರಿಯಾದ ರಿಂಗಿಗೆ ಎಸೆದಿದ್ದರು. ಚೆಂಡು ಮುಂದಿನ ಅಂಚಿಗೆ ಬಡಿದು ವಾಪಸ್ ಬರುತ್ತಿತ್ತು. ನೋಟ್‌ಬುಕ್ ಹುಡುಗ ಒಂದು ಮ್ಯಾಚಿನಲ್ಲಿ "ಗಿಡ್ಡ, ಗಿಡ್ಡ, ಗಿಡ್ಡ" ಅಂತ ಬರೆದೂ ಇದ್ದ. ನಾನು ಅದನ್ನು ಓದಿದ್ದೆ, ಯೋಚನೆ ಮಾಡಿರಲಿಲ್ಲ.

ಟೇಪ್ ಕೈಯಲ್ಲಿದ್ದಾಗ ಉಳಿದದ್ದನ್ನೂ ಅಳೆದುಬಿಡಿ. ಬೋರ್ಡಿನ ಮುಖದಿಂದ ದಾರಕ್ಕೆ ಕಲ್ಲು ಕಟ್ಟಿ ಇಳಿಬಿಡಿ. ಅಲ್ಲಿಂದ ಫ್ರೀ ಥ್ರೋ ಗೆರೆಗೆ 4.6 ಮೀಟರ್. ಮೂರು ಪಾಯಿಂಟ್ ಗೆರೆ ರಿಂಗಿನ ನಡುವಿನ ನೇರಕ್ಕೆ 6.75 ಮೀಟರ್. 2010ಕ್ಕೆ ಮೊದಲು ಅದು 6.25 ಇತ್ತು, ಹಳೆಯ ಅಳತೆಯಲ್ಲೇ ಬಣ್ಣ ಹೊಡೆಸಿರುವ ಕೋರ್ಟುಗಳು ಇರಬಹುದು. ರಿಂಗಿನ ಕೆಳಗಿನ ಪೇಂಟ್ ಏರಿಯಾ ಆಯತದ ಬದಲು ಕೆಳಗೆ ಅಗಲ, ಮೇಲೆ ಕಿರಿದಾಗಿ ಇದ್ದರೆ ನಿಮ್ಮ ಕೋರ್ಟ್ ಇನ್ನೂ ಹಳೆಯ ನಿಯಮದ್ದು.

ರಿಂಗ್ ಸರಿಯಾದ ಮೇಲೂ ದಣಿವಿನ ಪ್ರಶ್ನೆ ಉಳಿಯುತ್ತದೆ. ಪ್ರಾಕ್ಟೀಸ್ ಶುರುವಿನಲ್ಲಿ ಹೊಸ ಕಾಲಿನ ಮೇಲೆ ಐವತ್ತು ಫ್ರೀ ಥ್ರೋ ಹಾಕಿಸುವುದನ್ನು ನಾನು ಬಿಟ್ಟಿದ್ದೇನೆ. 28 ಮೀಟರ್ ಕೋರ್ಟನ್ನು ನಾಲ್ಕು ಸಲ ಓಡಿ, ಬಂದ ಕೂಡಲೇ ಎರಡು ಥ್ರೋ. ಚೆಂಡು ಕೈಗೆ ಬಂದ ಮೇಲೆ ಐದು ಸೆಕೆಂಡ್ ಮಾತ್ರ, ನಿಯಮದಲ್ಲಿ ಇರುವ ಹಾಗೆ. ಮತ್ತೆ ಓಟ, ಮತ್ತೆ ಎರಡು. ಬಿದ್ದದ್ದನ್ನೂ ಬರೆಯಿರಿ, ತಪ್ಪಿದ್ದು ಗಿಡ್ಡವೋ ಉದ್ದವೋ ಅನ್ನುವುದನ್ನೂ ಬರೆಯಿರಿ. ಪ್ರಾಕ್ಟೀಸ್ ಈಗ ಅರ್ಧ ತಾಸು ಮೊದಲೇ ಶುರುವಾಗುತ್ತದೆ, ಪ್ರಾಕ್ಟೀಸ್ ಮ್ಯಾಚು ಕೊನೆಗಲ್ಲ, ನಡುವೆ.

ಅಥಣಿ ರಸ್ತೆಯ ವೆಲ್ಡಿಂಗ್ ಅಂಗಡಿಯವರು ಬಂದು ಎರಡು ದಿನದಲ್ಲಿ ಎರಡೂ ರಿಂಗ್ ಬೋರ್ಡ್ ಸಮೇತ ಮೂರು ಇಂಚು ಮೇಲೆ ಎತ್ತಿ ಕೂರಿಸಿದರು. ಬಣ್ಣ ಒಣಗಿದ ಮರುದಿನ ಬೆಳಿಗ್ಗೆ ಆರಕ್ಕೆ 9ನೇ ನಂಬರ್ ಹುಡುಗ ಚೆಂಡು ಹಿಡಿದು ಬಂದಿದ್ದ. ಗೆರೆ ಮೇಲೆ ನಿಂತು ಎಸೆದ. ಮುಂದಿನ ಅಂಚಿಗೆ ಬಡಿದು ಚೆಂಡು ಅವನ ಕೈಗೇ ವಾಪಸ್ ಬಂತು. ಅವನು ನನ್ನ ಕಡೆ ತಿರುಗಿದ.

"ಸರ್, ಈಗ ಬೆಳಗಾವಿ ರಿಂಗ್ ಆತ್ ನೋಡ್ರಿ ಇದು" ಅಂದ. ಮತ್ತೆ ಗೆರೆಗೆ ಕಾಲು ಹಚ್ಚಿ ನಿಂತ.