ಸುಣ್ಣದ ಗೆರೆಯೊಳಗೆ ರೆಂಬ್ರಾಂಟ್

ಧಾರವಾಡ ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿ ನಾನು ಚಿತ್ರಕಲಾ ಶಿಕ್ಷಕ. ನೆದರ್‌ಲ್ಯಾಂಡ್ಸ್‌ನ ಆಮ್‌ಸ್ಟರ್‌ಡ್ಯಾಮಿನಲ್ಲಿರುವ ಕಲಾಸಂಗ್ರಹಾಲಯ ರೈಕ್ಸ್‌ಮ್ಯೂಸಿಯಂಗೆ ಕಾಲಿಡುವ ಮೊದಲು ಸುಮಾರು ಎರಡು ವರ್ಷ ಅದರ ಚಿತ್ರಗಳನ್ನು ಪರದೆಯ ಮೇಲೆಯೇ ನೋಡಿದ್ದೆ. ಆ ಮ್ಯೂಸಿಯಂ ತನ್ನ ಸಂಗ್ರಹದ ಲಕ್ಷಗಟ್ಟಲೆ ವಸ್ತುಗಳನ್ನು ಜಾಲತಾಣದಲ್ಲಿ ತೆರೆದಿಟ್ಟಿದೆ. ಹಳೆಯ ಮೇರುಕೃತಿಗಳನ್ನು ದೊಡ್ಡ ಗಾತ್ರದಲ್ಲಿ ಇಳಿಸಿಕೊಳ್ಳಬಹುದು. ಹಣವೂ ಬೇಡ, ಅನುಮತಿಯೂ ಬೇಡ. ನಮ್ಮ ಶಾಲೆಯಲ್ಲಿ ಇಂಟರ್‌ನೆಟ್ ನಿಧಾನ. ಹಾಗಾಗಿ ಮನೆಯಲ್ಲಿ ಇಳಿಸಿಕೊಂಡು, ಪೆನ್‌ಡ್ರೈವ್‌ನಲ್ಲಿ ಒಯ್ದು, ಪ್ರೊಜೆಕ್ಟರಿನಲ್ಲಿ ಮಕ್ಕಳಿಗೆ ತೋರಿಸುತ್ತಿದ್ದೆ.

ಮೊದಮೊದಲು ಒಂದು ತರಗತಿಗೆ ಇಪ್ಪತ್ತು ಚಿತ್ರ ತೋರಿಸುತ್ತಿದ್ದೆ. ಮರುವಾರ ಕೇಳಿದರೆ ಮಕ್ಕಳಿಗೆ ಒಂದೂ ನೆನಪಿರುತ್ತಿರಲಿಲ್ಲ. ಆಮೇಲೆ ತಿಂಗಳಿಗೆ ಒಂದೇ ಚಿತ್ರ ಎಂದು ನಿಯಮ ಮಾಡಿಕೊಂಡೆ. ಮೊದಲು ಐದು ನಿಮಿಷ ಸುಮ್ಮನೆ ಇಡೀ ಚಿತ್ರವನ್ನು ನೋಡುವುದು. ನಂತರ ಪರದೆ ಆರಿಸಿ, ನೆನಪಿನಿಂದ ಪೆನ್ಸಿಲಿನಲ್ಲಿ ಬಿಡಿಸುವುದು. ಯಾರು ಯಾವುದನ್ನು ಬಿಟ್ಟಿದ್ದಾರೆ ಎಂಬುದು ಗೊತ್ತಾದ ಮೇಲೆಯೇ ಚಿತ್ರವನ್ನು ಹಿಗ್ಗಿಸಿ, ಮೂಲೆ ಮೂಲೆಯಾಗಿ ನೋಡುವುದು. ಬಿಟ್ಟದ್ದನ್ನು ಹುಡುಕುವ ಕಣ್ಣಿಗೆ ಇರುವ ಹಸಿವು ಸುಮ್ಮನೆ ನೋಡುವ ಕಣ್ಣಿಗೆ ಇರುವುದಿಲ್ಲ.

ಡಚ್ ಚಿತ್ರಕಾರ ವರ್ಮೀರ್ 1660ರ ಸುಮಾರಿಗೆ ಬರೆದ, ಹಾಲು ಸುರಿಯುತ್ತಿರುವ ಹೆಣ್ಣಾಳಿನ ಚಿತ್ರವನ್ನು ನಾವು ಹೀಗೆಯೇ ಓದಿದೆವು. ಹಿಗ್ಗಿಸಿದಾಗ ಬಿಳಿ ಗೋಡೆಯಲ್ಲಿ ಒಂದು ಮೊಳೆ, ಅದರ ನೆರಳು, ಹಿಂದೆ ಮೊಳೆ ಕಿತ್ತ ತೂತುಗಳು ಒಂದೊಂದಾಗಿ ಕಾಣಿಸಿದವು. ಕಿಟಕಿಯ ಒಂದು ಗಾಜು ಒಡೆದಿತ್ತು. ನೆಲದ ಮೇಲೆ ಕಾಲು ಬೆಚ್ಚಗಿಡುವ ಕೆಂಡದ ಪೆಟ್ಟಿಗೆ, ಅದರ ಹಿಂದಿನ ಹೆಂಚಿನ ಮೇಲೆ ಪುಟ್ಟ ಮನ್ಮಥ. ಇನ್ನೊಂದು ಸಂಗತಿಯನ್ನು ಮ್ಯೂಸಿಯಂನ ಸಂಶೋಧಕರು 2022ರಲ್ಲಿ ಪ್ರಕಟಿಸಿದರು. ಆಕೆಯ ತಲೆಯ ಹಿಂದೆ ಹೂಜಿಗಳನ್ನು ತೂಗುಹಾಕುವ ಹಲಗೆಯನ್ನೂ, ಕೆಂಡದ ಪೆಟ್ಟಿಗೆ ಇರುವ ಜಾಗದಲ್ಲಿ ಒಂದು ಬುಟ್ಟಿಯನ್ನೂ ವರ್ಮೀರ್ ಮೊದಲು ಬರೆಯತೊಡಗಿದ್ದನಂತೆ. ಆಮೇಲೆ ಅವನೇ ಅವುಗಳ ಮೇಲೆ ಬಣ್ಣ ಬಳಿದ. ಅಳಿಸುವುದೆಂದರೆ ಸೋತಂತೆ ಎಂದು ತಿಳಿದು ಹಾಳೆ ಹರಿಯುತ್ತಿದ್ದ ನನ್ನ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಪಾಠ ನನ್ನ ಬಳಿ ಇರಲಿಲ್ಲ.

ಪರದೆಯಲ್ಲಿ ನೋಡುವವರು ಗಮನಿಸಬೇಕಾದ ಸಣ್ಣ ವಿಷಯವೊಂದಿದೆ. ಆಕೆಯ ನೀಲಿ ಏಪ್ರನ್ ನನಗೆ ಎಷ್ಟೋ ವಾರ ಹಸಿರು ಬೆರೆತಂತೆ ಕಾಣುತ್ತಿತ್ತು. ಕಣ್ಣಿಗೆ ಹಿತವಾಗಲೆಂದು ರಾತ್ರಿಯ ಹೊತ್ತು ಪರದೆಯನ್ನು ಹಳದಿ ಮಾಡುವ ಸೌಲಭ್ಯ ನನ್ನ ಮೊಬೈಲಿನಲ್ಲಿ ಚಾಲೂ ಇತ್ತು. ಅದನ್ನು ಆರಿಸಿದ ಮೇಲೆ ನೀಲಿ ನೀಲಿಯಾಯಿತು. ಅದು ಲಾಜವರ್ದ ಕಲ್ಲನ್ನು ಅರೆದು ಮಾಡಿದ ಬಣ್ಣ, ಆ ಕಾಲದ ಅತಿ ದುಬಾರಿ ಬಣ್ಣಗಳಲ್ಲಿ ಒಂದು. ಅದನ್ನು ಒಬ್ಬ ಕೆಲಸದವಳ ಏಪ್ರನ್ನಿಗೆ ಬಳಸಿದ್ದಾನೆ ಎಂಬುದನ್ನು ನೆನೆದಾಗಲೆಲ್ಲ ನನ್ನ ಮನಸ್ಸು ತುಂಬಿ ಬರುತ್ತದೆ.

ಒಂದು ದಿನ ಇದೇ ಚಿತ್ರದ ಹಿಂದೆಯೇ ಅದೇ ಕಾಲದ ಇನ್ನೊಬ್ಬ ಡಚ್ ಚಿತ್ರಕಾರ ರೆಂಬ್ರಾಂಟನ 'ರಾತ್ರಿ ಪಹರೆ'ಯನ್ನೂ ತೋರಿಸಿದೆ. ಅದು ಊರು ಕಾಯುವ ಪಡೆಯೊಂದರ ಗುಂಪುಚಿತ್ರ. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಕೇಳಿದಳು: "ಸರ್, ಇವೆರಡರಲ್ಲಿ ದೊಡ್ಡದು ಯಾವುದು?" ಪ್ರೊಜೆಕ್ಟರಿನಲ್ಲಿ ಎರಡೂ ಒಂದೇ ಅಳತೆ. ಅಂಕಿಗಳು ನನಗೆ ಗೊತ್ತಿದ್ದವು, ಹೇಳಿದೆ. ಹೇಳಿದ್ದರಿಂದ ಅವಳಿಗೆ ಏನೂ ಆಗಲಿಲ್ಲ ಎಂಬುದು ಮುಖದಲ್ಲಿಯೇ ಕಂಡಿತು.

ವರ್ಮೀರನದು 45.5 ಸೆಂಟಿಮೀಟರ್ ಎತ್ತರ, 41 ಸೆಂಟಿಮೀಟರ್ ಅಗಲ. ದಿನಪತ್ರಿಕೆಯ ಹಾಳೆಯನ್ನು ಆ ಅಳತೆಗೆ ಕತ್ತರಿಸಿ ಗೋಡೆಗೆ ಅಂಟಿಸಿದೆವು. ರೆಂಬ್ರಾಂಟನದಕ್ಕೆ ಗೋಡೆ ಸಾಲಲಿಲ್ಲ. ಅಂಗಳಕ್ಕೆ ಹೋದೆವು. ಖೋ ಖೋ ಅಂಕಣ ಹಾಕಲು ತಂದ ಸುಣ್ಣದ ಪುಡಿ ಉಳಿದಿತ್ತು. ಟೇಪು ಹಿಡಿದು 453.5 ಸೆಂಟಿಮೀಟರ್ ಅಗಲ, 379.5 ಸೆಂಟಿಮೀಟರ್ ಎತ್ತರದ ಚೌಕಟ್ಟನ್ನು ನೆಲದ ಮೇಲೆ ಎಳೆದೆವು. ಹೆಚ್ಚುಕಡಿಮೆ ಹದಿನೈದು ಅಡಿಗೆ ಹನ್ನೆರಡೂವರೆ ಅಡಿ. ಮಕ್ಕಳು ಗೆರೆಯೊಳಗೆ ಹೋಗಿ ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ನಿಂತರು: ಕೈ ಚಾಚಿದ ಕಪ್ತಾನ, ಹಳದಿ ಉಡುಪಿನ ಉಪನಾಯಕ, ತಮಟೆಯವ, ಸೊಂಟಕ್ಕೆ ಕೋಳಿ ಕಟ್ಟಿಕೊಂಡ ಬೆಳಕಿನ ಹುಡುಗಿ.

1642ರಲ್ಲಿ ಮುಗಿದ ಈ ಚಿತ್ರವನ್ನು 1715ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಪುರಭವನಕ್ಕೆ ಸಾಗಿಸಿದಾಗ ಅಲ್ಲಿನ ಗೋಡೆಯಲ್ಲಿ ಅದು ಹಿಡಿಸಲಿಲ್ಲ. ನಾಲ್ಕೂ ಬದಿಯಲ್ಲಿ ಕತ್ತರಿಸಿದರು. ಹೆಚ್ಚು ಹೋದದ್ದು ಎಡಬದಿಯಲ್ಲಿ, ಸುಮಾರು 60 ಸೆಂಟಿಮೀಟರ್. ಆ ತುಂಡು ಇಂದಿಗೂ ಸಿಕ್ಕಿಲ್ಲ. ಆದರೆ ಕತ್ತರಿಸುವ ಮೊದಲೇ ಗೆರಿಟ್ ಲುಂಡೆನ್ಸ್ ಎಂಬ ಚಿತ್ರಕಾರ ಮಾಡಿದ್ದ ಚಿಕ್ಕ ನಕಲು ಉಳಿದಿರುವುದರಿಂದ ಅಲ್ಲಿ ಏನಿತ್ತೆಂದು ತಿಳಿದಿದೆ. ಇದನ್ನು ಹೇಳಿ ಎಡಕ್ಕೆ ಇನ್ನೊಂದು ಗೆರೆ ಎಳೆದು, ಕಳೆದುಹೋದ ಇಬ್ಬರು ಗಂಡಸರ ಜಾಗದಲ್ಲಿ ಇಬ್ಬರು ಹುಡುಗರನ್ನು ನಿಲ್ಲಿಸಿದೆ. ಎಲ್ಲರೂ ಅವರನ್ನೇ ತಿರುಗಿ ತಿರುಗಿ ನೋಡುತ್ತಿದ್ದರು. ಕಪ್ತಾನನಾಗಿದ್ದವನು ಹೇಳಿದ: "ಸರ್, ಮೊದಲು ನಾನು ನಟ್ಟನಡುವೆ ಇದ್ದೆ, ಈಗ ಬಲಕ್ಕೆ ಸರಿದೆ." ಹೌದು. ರೆಂಬ್ರಾಂಟನ ಕಪ್ತಾನ ನಡುವಿನಲ್ಲಿ ನಿಂತಿರಲಿಲ್ಲ. ಪಡೆ ಎಡಕ್ಕೆ ಹೆಜ್ಜೆಯಿಡುತ್ತಿತ್ತು, ಹೆಜ್ಜೆಯಿಡಲು ಅಲ್ಲಿ ಜಾಗವಿತ್ತು. ಎರಡು ವರ್ಷ ಪರದೆ ನೋಡಿದ ನನಗೆ ಅದು ಹೊಳೆದದ್ದು ಆ ಅಂಗಳದಲ್ಲಿ.

2025ರ ಬೇಸಿಗೆ ರಜೆಯಲ್ಲಿ ನೆದರ್‌ಲ್ಯಾಂಡ್ಸ್‌ನದೇ ಇನ್ನೊಂದು ನಗರ ಐಂಡ್‌ಹೋವನ್‌ನಲ್ಲಿ ಕೆಲಸದಲ್ಲಿರುವ ಮಗಳ ಮನೆಗೆ ಹೋದಾಗ ಮ್ಯೂಸಿಯಂಗೆ ಎರಡು ಸಲ ಹೋದೆ. ಪ್ರವೇಶದ ಸಮಯವನ್ನು ಮೊದಲೇ ಕಾಯ್ದಿರಿಸಬೇಕು. ಬೆಳಿಗ್ಗೆ ಒಂಬತ್ತಕ್ಕೆ ಬಾಗಿಲು ತೆರೆಯುವ ಹೊತ್ತೇ ಒಳ್ಳೆಯದು. ಮೊದಲ ದಿನವನ್ನು ನಾನು ವ್ಯರ್ಥ ಮಾಡಿದೆ. ಪ್ರದರ್ಶನಕ್ಕಿಟ್ಟಿರುವ ವಸ್ತುಗಳೇ ಸುಮಾರು 8,000. ಇಷ್ಟು ದೂರ ಬಂದು ಬಿಡುವುದು ಹೇಗೆಂದು ಕೋಣೆಯಿಂದ ಕೋಣೆಗೆ ಓಡಿ ಫೋಟೊ ತೆಗೆದೆ. ರಾತ್ರಿ ಮಗಳು "ಅಪ್ಪಾ, ಯಾವುದು ಹಿಡಿಸಿತು?" ಎಂದು ಕೇಳಿದಾಗ ಉತ್ತರಕ್ಕಾಗಿ ಮೊಬೈಲ್ ತೆರೆಯಬೇಕಾಯಿತು. ಎರಡನೆಯ ಸಲ ಮೊಬೈಲನ್ನು ಅವಳ ಕೈಗೆ ಕೊಟ್ಟು, ಮೂರೇ ಚಿತ್ರಗಳ ಹೆಸರು ಬರೆದ ಚೀಟಿ ಹಿಡಿದು ಹೋದೆ.

ಹಾಲಿನವಳು ನಮ್ಮ ಪತ್ರಿಕೆಯ ತುಂಡಿನಷ್ಟೇ ಇದ್ದಳು. ಅಳತೆ ಮೈಗೆ ಗೊತ್ತಿದ್ದುದರಿಂದ 'ಇಷ್ಟೇ ಚಿಕ್ಕದೇ' ಎಂಬ ನಿರಾಸೆ ನನಗಾಗಲಿಲ್ಲ. ಪಕ್ಕದಲ್ಲಿ ನಿಂತವರ ಮುಖದಲ್ಲಿ ಅದನ್ನು ಕಂಡೆ. ಪರದೆ ಕೊಡದೇ ಇದ್ದದ್ದು ಇಲ್ಲಿ ಸಿಕ್ಕಿತು: ರೊಟ್ಟಿಯ ಮೇಲಿನ ಬೆಳಕಿನ ಚುಕ್ಕೆಗಳು ಉಬ್ಬಿ ನಿಂತಿವೆ. ಒಂದು ಹೆಜ್ಜೆ ಪಕ್ಕಕ್ಕೆ ಸರಿದರೆ ಅವುಗಳ ಹೊಳಪೂ ಬದಲಾಗುತ್ತದೆ. ಪರದೆಯ ಮುಂದೆ ಎಷ್ಟು ಸರಿದರೂ ಚಿತ್ರ ಬದಲಾಗುವುದಿಲ್ಲ. ಮೂಲಚಿತ್ರವನ್ನು ನಿಂತು ನೋಡುವುದಲ್ಲ, ಅದರ ಮುಂದೆ ನಡೆಯಬೇಕು ಎಂದು ಅಲ್ಲಿ ಕಲಿತೆ.

'ರಾತ್ರಿ ಪಹರೆ'ಯ ಮಟ್ಟಿಗೆ ಮಾತು ತಿರುವುಮುರುವಾಯಿತು. 2019ರಿಂದ ಅದರ ಸಂಶೋಧನೆ ಮತ್ತು ದುರಸ್ತಿ ಸಾರ್ವಜನಿಕರ ಎದುರಿಗೇ, ಗಾಜಿನ ಕೋಣೆಯೊಳಗೆ ನಡೆಯುತ್ತಿದೆ. 2024ರ ನವೆಂಬರಿನಿಂದ ಹಳೆಯ ವಾರ್ನಿಷ್ ತೆಗೆಯುವ ಕೆಲಸ ಶುರುವಾಗಿದೆ. ಗಾಜಿನ ಈಚೆ ಜನರ ಸಾಲು. ಹತ್ತಿರ ಹೋಗುವಂತಿಲ್ಲ. ಆದರೆ ಇದೇ ಚಿತ್ರವನ್ನು 8,439 ಫೋಟೊಗಳಾಗಿ ತೆಗೆದು ಹೊಲಿದಂತೆ ಜೋಡಿಸಿ, 71,700 ಕೋಟಿ ಪಿಕ್ಸೆಲ್‌ಗಳ ಒಂದೇ ಚಿತ್ರವಾಗಿ 2022ರಲ್ಲಿ ಜಾಲತಾಣಕ್ಕೆ ಹಾಕಿದ್ದಾರೆ. ಮನೆಗೆ ಬಂದ ರಾತ್ರಿ ಅದನ್ನು ತೆರೆದು, ಗಾಜಿನಾಚೆ ಕಾಣದೇ ಇದ್ದ ಹಳದಿ ಉಡುಪಿನ ಕಸೂತಿಯ ಮೇಲೆ ಇಳಿದೆ. ಬಣ್ಣದ ಬಿರುಕುಗಳು ಬೇಸಿಗೆಯ ಎರೆಹೊಲದಂತೆ ಬಾಯಿ ಬಿಟ್ಟಿದ್ದವು. ಬೆಳಿಗ್ಗೆ ಕಂಡ ಗಾತ್ರ ಮನಸ್ಸಿನಲ್ಲಿ ಇದ್ದುದರಿಂದ, ನಾನು ಚಿತ್ರದ ಯಾವ ಮೂಲೆಯಲ್ಲಿದ್ದೇನೆ, ಅದು ನೆಲದಿಂದ ಎಷ್ಟು ಎತ್ತರ ಎಂಬುದು ಈಗ ತಪ್ಪುತ್ತಿರಲಿಲ್ಲ.

ಚೀಟಿಯ ಮೂರನೆಯ ಹೆಸರು ಯಾನ್ ಆಸೆಲೈನ್ 1650ರ ಸುಮಾರಿಗೆ ಬರೆದ ಹಂಸದ್ದು. ನೀರಿನಲ್ಲಿ ಈಜಿ ಬರುತ್ತಿರುವ ನಾಯಿಯಿಂದ ಗೂಡಿನ ಮೊಟ್ಟೆಗಳನ್ನು ಕಾಯಲು ರೆಕ್ಕೆ ಬಿಚ್ಚಿ ನಿಂತ ಹಂಸ. ಅದು ಜೀವಂತ ಹಂಸದಷ್ಟೇ ದೊಡ್ಡದು. ಜೂನ್‌ನಲ್ಲಿ ಶಾಲೆ ತೆರೆದಾಗ ಮಕ್ಕಳಿಗೆ ಮೊದಲು ಚಿತ್ರ ತೋರಿಸಲಿಲ್ಲ. 144 ಸೆಂಟಿಮೀಟರ್ ಎತ್ತರ, 171 ಸೆಂಟಿಮೀಟರ್ ಅಗಲಕ್ಕೆ ಪತ್ರಿಕೆಗಳನ್ನು ಅಂಟಿಸಲು ಹೇಳಿದೆ. ಅಂಟಿಸಿ ಮುಗಿದ ಮೇಲೆ ಎಂಟನೆಯ ತರಗತಿಯ ಒಬ್ಬ ಹುಡುಗ ಅದಕ್ಕೆ ಬೆನ್ನು ಕೊಟ್ಟು ನಿಂತು ಎರಡೂ ಕೈ ಚಾಚಿದ. ಎರಡೂ ಬದಿಯಲ್ಲಿ ಇನ್ನೂ ಗೇಣಿನಷ್ಟು ಹಾಳೆ ಉಳಿದಿತ್ತು. "ಸರ್, ಇದರೊಳಗೆ ಏನಿದೆ?" ಎಂದು ಕೇಳಿದ. ಆಗ ಪ್ರೊಜೆಕ್ಟರ್ ಹಚ್ಚಿದೆ.