ಹನ್ನೆರಡು ವರ್ಷದ ಕಾರಿಗೆ ವಿಮಾ ಪರಿಹಾರ: ನಾನು ಲೆಕ್ಕ ಹಿಡಿದು ಮಾತಾಡಿದ ಬಗೆ

ಹಳೆಯ ಕಾರಿಗೆ ದೊಡ್ಡ ಪೆಟ್ಟು ಬಿದ್ದಾಗ ವಿಮಾ ಕಂಪನಿಯವರು ಮೊದಲು ಹೇಳಿದ ಮೊತ್ತವನ್ನೇ ಕೊನೆಯ ಮೊತ್ತವೆಂದು ಬಹಳ ಮಂದಿ ಒಪ್ಪಿಕೊಂಡುಬಿಡುತ್ತಾರೆ. ‘ಹಳೇ ಗಾಡಿ, ಬಂದಷ್ಟು ಬರಲಿ’ ಎಂಬ ಮಾತನ್ನು ನನಗೆ ವರ್ಕ್‌ಶಾಪಿನವರೂ ಹೇಳಿದರು, ನೆಂಟರೂ ಹೇಳಿದರು. ನನ್ನ 2013ರ ಪೆಟ್ರೋಲ್ ಸ್ವಿಫ್ಟ್ ಕಾರಿಗೆ ಸರ್ವೇಯರ್, ಅಂದರೆ ಹಾನಿಯನ್ನು ನೋಡಿ ಲೆಕ್ಕ ಹಾಕಲು ವಿಮಾ ಕಂಪನಿ ನೇಮಿಸುವವರು, ಮೊದಲು ಹಾಕಿದ ಲೆಕ್ಕ ₹73,000. ಕೊನೆಗೆ ನನ್ನ ಖಾತೆಗೆ ಬಂದದ್ದು ₹1,57,000, ಜೊತೆಗೆ ಜಖಂಗೊಂಡ ಕಾರೂ ನನ್ನಲ್ಲೇ ಉಳಿಯಿತು. ನಡುವೆ ಯಾರ ಶಿಫಾರಸನ್ನೂ ತರಲಿಲ್ಲ, ಯಾರ ಮೇಲೂ ದನಿ ಏರಿಸಲಿಲ್ಲ. ಅವರ ಪ್ರತಿಯೊಂದು ಅಂಕಿಗೂ ಆಧಾರ ಕೇಳಿದೆ, ನನ್ನ ಪ್ರತಿಯೊಂದು ಅಂಕಿಗೂ ಆಧಾರ ಒದಗಿಸಿದೆ. ಹಳೆಯ ಕಾರಿನ ಮಟ್ಟಿಗೆ ಚೌಕಾಸಿ ಎಂದರೆ ಇಷ್ಟೇ ಎಂಬುದು ನನ್ನ ದೃಢವಾದ ಅಭಿಪ್ರಾಯ.

2025ರ ಮೇ ತಿಂಗಳಲ್ಲಿ, ಮೈಸೂರಿನ ಸರಸ್ವತಿಪುರಂನಲ್ಲಿ ಮನೆಯ ಮುಂದೆ ನಿಲ್ಲಿಸಿದ್ದ ಕಾರಿನ ಮೇಲೆ ಸಂಜೆಯ ಬಿರುಗಾಳಿ ಮಳೆಗೆ ಮರದ ದೊಡ್ಡ ಕೊಂಬೆ ಮುರಿದು ಬಿದ್ದಿತು. ಚಾವಣಿ ತಗ್ಗಿತು, ಮುಂದಿನ ಗಾಜು ಪುಡಿಯಾಯಿತು, ಎಡಬದಿಯ ಬಾಗಿಲು ತೆರೆಯದಂತಾಯಿತು. ಪಾಲಿಕೆಯ ತುರ್ತು ಕೆಲಸದ ಅಭಯ ತಂಡದವರು ಬಂದು ಕೊಂಬೆ ಕತ್ತರಿಸುವ ಮುನ್ನವೇ, ಕೊಂಬೆ ಕಾರಿನ ಮೇಲೆ ಇರುವಂತೆಯೇ ನಾಲ್ಕೂ ಕಡೆಯಿಂದ ಫೋಟೊ ತೆಗೆದೆ, ನಂಬರ್ ಪ್ಲೇಟ್ ಮತ್ತು ಮರದ ಮುರಿದ ಬುಡ ಎರಡೂ ಒಂದೇ ಚಿತ್ರದಲ್ಲಿ ಬರುವಂತೆ ನೋಡಿಕೊಂಡೆ. ಸಮಗ್ರ ಪಾಲಿಸಿಯಲ್ಲಿ ಬಿರುಗಾಳಿಯ ಹಾನಿಯೂ ಹೊರಗಿನ ಆಕಸ್ಮಿಕ ಕಾರಣಗಳ ಹಾನಿಯೂ ಸೇರಿರುವುದರಿಂದ ಕಾರಣದ ಬಗ್ಗೆ ಮುಂದೆ ಯಾರೂ ತಕರಾರು ತೆಗೆಯಲಿಲ್ಲ. ಅದೇ ರಾತ್ರಿ ಕ್ಲೇಮು ದಾಖಲಿಸಿದೆ. ವಿಮಾ ನಿಯಂತ್ರಣ ಸಂಸ್ಥೆಯಾದ ಐಆರ್‌ಡಿಎಐ 2024ರ ಜೂನ್‌ನಲ್ಲಿ ಹೊರಡಿಸಿದ ಮಾಸ್ಟರ್ ಸುತ್ತೋಲೆಯ ಪ್ರಕಾರ ಕ್ಲೇಮು ತಿಳಿಸಿದ 24 ಗಂಟೆಯೊಳಗೆ ಸರ್ವೇಯರ್ ನೇಮಕವಾಗಬೇಕು, 15 ದಿನಗಳಲ್ಲಿ ವರದಿ ಬರಬೇಕು, ವರದಿ ಬಂದ 7 ದಿನಗಳಲ್ಲಿ ಕಂಪನಿ ತೀರ್ಮಾನ ತಿಳಿಸಬೇಕು. ಈ ಗಡುವುಗಳನ್ನು ನನ್ನ ಮೊದಲ ಇಮೇಲ್‌ನಲ್ಲಿಯೇ ಸೌಜನ್ಯದಿಂದ ನಮೂದಿಸಿದ್ದೆ.

ಇದಕ್ಕೂ ಮೊದಲೇ ಆಗಿದ್ದ ಒಂದು ಕೆಲಸವನ್ನು ಇಲ್ಲಿ ಹೇಳಬೇಕು, ಏಕೆಂದರೆ ಮುಂದಿನ ಲೆಕ್ಕವೆಲ್ಲ ಅದರ ಮೇಲೆ ನಿಂತಿದೆ. ಕಾರಿಗೆ ಐದು ವರ್ಷ ತುಂಬುವವರೆಗೆ ಅದರ ಐಡಿವಿ, ಅಂದರೆ ಪಾಲಿಸಿಯಲ್ಲಿ ಘೋಷಿಸಿದ ಮೌಲ್ಯ, ನಿಗದಿತ ಸವಕಳಿ (ವಯಸ್ಸಾದಂತೆ ಬೆಲೆ ಇಳಿಸುವ) ಕೋಷ್ಟಕದಂತೆ ಇಳಿಯುತ್ತದೆ. ಐದು ವರ್ಷ ದಾಟಿದ ಮೇಲೆ ಆ ಕೋಷ್ಟಕವಿಲ್ಲ, ಮಾಲೀಕನೂ ಕಂಪನಿಯೂ ಒಪ್ಪಿದ ಮೊತ್ತವೇ ಐಡಿವಿ. ಹಿಂದಿನ ನವೀಕರಣದ ಸಮಯದಲ್ಲಿ ಏಜೆಂಟರು ₹1,60,000 ಎಂದು ತೋರಿಸಿದ್ದರು. ಅದೇ ವರ್ಷದ, ಅದೇ ಮಾದರಿಯ ಕಾರುಗಳು ಮೈಸೂರಿನಲ್ಲಿ ಯಾವ ಬೆಲೆಗೆ ಕೈ ಬದಲಾಗುತ್ತಿವೆ ಎಂದು ವಿಚಾರಿಸಿ, ₹2,20,000ಕ್ಕೆ ಏರಿಸಲು ನಾನು ಕೇಳಿಕೊಂಡೆ. ಪ್ರೀಮಿಯಂ ಕೆಲವು ನೂರು ರೂಪಾಯಿ ಹೆಚ್ಚಾಯಿತು, ಅಷ್ಟೆ. ಹಳೆಯ ಕಾರಿನ ವಿಮೆಯಲ್ಲಿ ಮಾಲೀಕನ ಮಾತಿಗೆ ಅತಿ ಹೆಚ್ಚು ಬೆಲೆಯಿರುವುದು ಈ ಒಂದು ಗಳಿಗೆಯಲ್ಲಿ. ಆದರೆ ಅದನ್ನೇ ನಾವೆಲ್ಲ ಫೋನಿನಲ್ಲಿ ‘ಆಯ್ತು ಮಾಡಿ’ ಎಂದು ಮುಗಿಸಿಬಿಡುತ್ತೇವೆ.

ಸರ್ವೇಯರ್ ವರ್ಕ್‌ಶಾಪಿಗೆ ಬಂದು ನೋಡಿ ಹೋದರು. ಹೊರಗೆ ಕಾಣುವ ಹಾನಿಗಷ್ಟೇ ವರ್ಕ್‌ಶಾಪಿನವರು ಕೊಟ್ಟ ಎಸ್ಟಿಮೇಟ್ ಜಿಎಸ್‌ಟಿ ಸೇರಿ ₹1,38,000 ಇತ್ತು: ಲೋಹದ ಭಾಗಗಳು ₹52,000, ಗಾಜು ₹14,000, ಪ್ಲಾಸ್ಟಿಕ್ ಮತ್ತು ರಬ್ಬರ್ ₹18,000, ಪೇಂಟಿಂಗ್ ₹24,000, ಕೂಲಿ ₹30,000. ಇದರ ಮೇಲೆ ಸರ್ವೇಯರ್ ಹೇಳಿದ್ದು ₹73,000. “ಸರ್, ಹನ್ನೆರಡು ವರ್ಷದ ಗಾಡಿ, ಎಲ್ಲದಕ್ಕೂ ಅರ್ಧ ಕಟ್ ಆಗುತ್ತೆ” ಎಂದರು. ಹೇಗೆ ಕಡಿತವಾಯಿತೆಂದು ಬಾಬತ್ತುವಾರು ಬರೆದುಕೊಡಿ ಎಂದು ಕೇಳಿದೆ. ಅವರು ಬೇಸರಿಸದೆ ಹಾಳೆ ಕಳುಹಿಸಿದರು.

ಆ ಹಾಳೆಯನ್ನು ಪಾಲಿಸಿಯ ಪುಸ್ತಿಕೆಯ ಪಕ್ಕದಲ್ಲಿಟ್ಟುಕೊಂಡು ಓದಿದೆ. ಎಲ್ಲದಕ್ಕೂ ಅರ್ಧ ಕಡಿತ ಎಂಬ ನಿಯಮ ಪಾಲಿಸಿಯಲ್ಲಿ ಎಲ್ಲಿಯೂ ಇಲ್ಲ. ಹತ್ತು ವರ್ಷ ದಾಟಿದ ಕಾರಿನ ಲೋಹದ ಭಾಗಗಳಿಗೆ ಶೇ. 50 ಸವಕಳಿ ಇರುವುದು ನಿಜ. ಪ್ಲಾಸ್ಟಿಕ್, ರಬ್ಬರ್, ಟೈರ್, ಬ್ಯಾಟರಿಗಳಿಗೆ ಕಾರು ಹೊಸದಿರಲಿ ಹಳೆಯದಿರಲಿ ಶೇ. 50 ಕಡಿತ. ಆದರೆ ಗಾಜಿಗೆ ಸವಕಳಿಯೇ ಇಲ್ಲ. ಸರ್ವೇಯರ್ ಹಾಳೆಯಲ್ಲಿ ಗಾಜು ‘ಇತರ ಭಾಗಗಳು’ ಎಂಬ ಸಾಲಿನಲ್ಲಿ ಸೇರಿ ₹14,000 ಹೋಗಿ ₹7,000 ಆಗಿತ್ತು. ಪೇಂಟಿಂಗ್ ವಿಷಯ ಇನ್ನೂ ಸೂಕ್ಷ್ಮವಾದದ್ದು: ಬಣ್ಣಕ್ಕೂ ಕೆಲಸಕ್ಕೂ ಸೇರಿಸಿ ಒಟ್ಟಾರೆ ಬಿಲ್ಲು ಇದ್ದಾಗ ಅದರ ಶೇ. 25ನ್ನು ಮಾತ್ರ ಬಣ್ಣದ ಸಾಮಗ್ರಿಯೆಂದು ಪರಿಗಣಿಸಿ, ಆ ಭಾಗಕ್ಕೆ ಮಾತ್ರ ಶೇ. 50 ಕಡಿತ ಮಾಡಬೇಕು. ಅಂದರೆ ₹24,000ದಲ್ಲಿ ಸಾಮಗ್ರಿ ₹6,000, ಕಡಿತ ₹3,000, ಸಿಗಬೇಕಾದದ್ದು ₹21,000. ಹಾಳೆಯಲ್ಲಿ ಇದ್ದದ್ದು ₹12,000. ಕೂಲಿಯನ್ನು ₹30,000ದಿಂದ ₹20,000ಕ್ಕೆ ಇಳಿಸಿದ್ದಕ್ಕೆ ಯಾವ ಕಾರಣವನ್ನೂ ಬರೆದಿರಲಿಲ್ಲ. ಕೂಲಿಗೆ ಸವಕಳಿಯಿಲ್ಲ, ಅದು ದುಬಾರಿಯೆನಿಸಿದರೆ ಮಾತ್ರ ಪ್ರಶ್ನಿಸಬಹುದು. ಹಾಗಾಗಿ ಇದೇ ಕೆಲಸಕ್ಕೆ ಹೆಬ್ಬಾಳ ಕೈಗಾರಿಕಾ ಪ್ರದೇಶದ ಇನ್ನೊಂದು ವರ್ಕ್‌ಶಾಪಿನಿಂದ ದರಪಟ್ಟಿ ತರಿಸಿ ಜೊತೆಗಿಟ್ಟೆ. ಮೂರೂ ಬಾಬತ್ತುಗಳನ್ನು ಸರಿಪಡಿಸಿ, 1500 ಸಿಸಿವರೆಗಿನ ಕಾರಿಗಿರುವ ಕಡ್ಡಾಯ ಕಡಿತ, ಅಂದರೆ ಮಾಲೀಕನೇ ಹೊರಬೇಕಾದ ₹1,000, ಕಳೆದರೆ ಮೊತ್ತ ₹99,000 ಆಗುತ್ತಿತ್ತು. ಇದನ್ನು ಒಂದೇ ಪುಟದಲ್ಲಿ, ಪಾಲಿಸಿಯ ಯಾವ ಸಾಲಿನ ಆಧಾರದ ಮೇಲೆ ಎಂದು ಎದುರಿಗೆ ಬರೆದು ಕಳುಹಿಸಿದೆ. ಸರ್ವೇಯರ್ ಒಪ್ಪಿಕೊಂಡರು. ಅವರು ಪರವಾನಗಿ ಪಡೆದ ಸ್ವತಂತ್ರ ವೃತ್ತಿಪರರು, ಲಿಖಿತ ಆಧಾರವನ್ನು ಕಡೆಗಣಿಸಿ ಸಹಿ ಹಾಕುವುದು ಅವರಿಗೂ ಸುಲಭವಲ್ಲ.

ಆದರೆ ನನಗೆ ಚಾವಣಿಯದೇ ಚಿಂತೆ. ಗಾಜಿನ ಅಂಚಿನ ಕಂಬ ಒಂದಿಷ್ಟು ಒಳಕ್ಕೆ ವಾಲಿದಂತೆ ಕಾಣುತ್ತಿತ್ತು. “ಒಳಗಡೆ ಬಿಚ್ಚಿ ನೋಡದೆ ಏನೂ ಹೇಳಕ್ಕಾಗಲ್ಲ ಸರ್” ಎಂದು ಟಿಂಕರಿಂಗ್ ಮಾಡುವವರು ಹೇಳಿದ್ದರು. ಕಂಪನಿಯ ಒಪ್ಪಿಗೆಯನ್ನು ಇಮೇಲ್‌ನಲ್ಲಿ ಪಡೆದು, ಸರ್ವೇಯರ್ ಎದುರಿನಲ್ಲೇ ಬಿಚ್ಚಿಸಿದೆವು. ಚಾವಣಿಯ ಒಳಹೊದಿಕೆ ಇಳಿಸಿದಾಗ ಎಡಗಂಬದ ಬೆಸುಗೆ ಬಿಟ್ಟಿರುವುದು, ಗಾಜಿನ ಚೌಕಟ್ಟು ತಿರುಚಿರುವುದು, ವೈರಿಂಗ್ ಕಟ್ಟು ಜಜ್ಜಿ ಒಳಗಿನ ತಾಮ್ರ ಕಾಣುವಂತಾಗಿರುವುದು ಎಲ್ಲವೂ ಹೊರಬಂದವು. ಸಪ್ಲಿಮೆಂಟರಿ ಎಸ್ಟಿಮೇಟ್ ₹46,000 ಬಂದು ಒಟ್ಟು ದುರಸ್ತಿ ವೆಚ್ಚ ₹1,84,000 ಆಯಿತು. ಬಿಚ್ಚುವ ಮೊದಲೇ ಮೊತ್ತ ಒಪ್ಪಿ ಸಹಿ ಹಾಕಿದ್ದರೆ ಈ ₹46,000 ನನ್ನ ತಲೆಯ ಮೇಲೆ ಬೀಳುತ್ತಿತ್ತು.

ಇಲ್ಲಿಂದ ಮಾತು ಬೇರೆ ಮಟ್ಟಕ್ಕೆ ಹೋಯಿತು. ದುರಸ್ತಿ ವೆಚ್ಚ ಐಡಿವಿಯ ಶೇ. 75ನ್ನು ಮೀರಿದರೆ ಕಾರನ್ನು ಪೂರ್ಣ ನಷ್ಟವೆಂದು, ಅಂದರೆ ದುರಸ್ತಿಯ ಬದಲು ಐಡಿವಿಯ ಲೆಕ್ಕದಲ್ಲಿ ಪರಿಹಾರ ಕೊಡಬೇಕಾದದ್ದೆಂದು, ಪರಿಗಣಿಸಬೇಕೆಂದು ಪಾಲಿಸಿ ಹೇಳುತ್ತದೆ. ನನ್ನ ಕಾರಿಗೆ ಆ ಗೆರೆ ₹1,65,000. ಒಟ್ಟು ವೆಚ್ಚ ಅದನ್ನು ದಾಟಿತ್ತು. ಆದರೆ ಆ ವಾಕ್ಯದ ನಡುವೆ ‘ಪಾಲಿಸಿಯ ಷರತ್ತುಗಳಿಗೆ ಒಳಪಟ್ಟು’ ಎಂಬ ಮಾತಿದೆ. ಆದ್ದರಿಂದ ಸವಕಳಿ ಕಳೆದ ನಂತರದ ಮೊತ್ತವನ್ನೇ ಹಿಡಿಯಬೇಕು, ಅದು ₹1,27,000 ಮಾತ್ರ, ಪೂರ್ಣ ನಷ್ಟವಲ್ಲ ಎಂದು ಕಂಪನಿಯವರು ವಾದಿಸಿದರು. ಹೀಗೆ ಓದಿದರೆ ಹತ್ತು ವರ್ಷ ದಾಟಿದ ಕಾರು ಶೇ. 75ರ ಗೆರೆ ಮುಟ್ಟುವುದೇ ಅಪರೂಪವಾಗುತ್ತದೆ, ಏಕೆಂದರೆ ಅದರ ಬಹುತೇಕ ಬಿಡಿಭಾಗಗಳ ಬೆಲೆ ಅರ್ಧಕ್ಕಿಳಿದ ಮೇಲೆ ಲೆಕ್ಕ ಶುರುವಾಗುತ್ತದೆ. ವಾಕ್ಯ ಮಾತಾಡುವುದು ದುರಸ್ತಿಯ ಒಟ್ಟು ವೆಚ್ಚದ ಬಗ್ಗೆ, ಕಂಪನಿ ಕೊಡಬೇಕಾದ ಪಾಲಿನ ಬಗ್ಗೆ ಅಲ್ಲ ಎಂದು ನಾನು ಬರೆದೆ. ‘ಮಾರುಕಟ್ಟೆಯಲ್ಲಿ ಈ ಕಾರಿಗೆ ಈಗ ಅಷ್ಟು ಬೆಲೆಯಿಲ್ಲ’ ಎಂದು ಅವರು ಫೋನಿನಲ್ಲಿ ಹೇಳಿದಾಗ, ಪೂರ್ಣ ನಷ್ಟದ ಕ್ಲೇಮಿನಲ್ಲಿ ಪಾಲಿಸಿಯ ಅವಧಿಯುದ್ದಕ್ಕೂ ಐಡಿವಿಯನ್ನೇ ಮಾರುಕಟ್ಟೆ ಬೆಲೆಯೆಂದು ಹಿಡಿಯಬೇಕು, ಮತ್ತೆ ಸವಕಳಿ ಮಾಡಬಾರದು ಎಂಬ ಪಾಲಿಸಿಯದೇ ಸಾಲನ್ನು ಉಲ್ಲೇಖಿಸಿದೆ. ಆ ಮಾತನ್ನು ಅವರು ಮತ್ತೆ ಎತ್ತಲಿಲ್ಲ.

ಕೊನೆಗೆ ಕಂಪನಿಯವರು ಮಧ್ಯದ ದಾರಿಯೊಂದನ್ನು ಮುಂದಿಟ್ಟರು: ಐಡಿವಿಯಲ್ಲಿ ಜಖಂಗೊಂಡ ಕಾರಿನ ಬೆಲೆ ಕಳೆದು ಉಳಿದದ್ದನ್ನು ಕೊಡುವುದು, ಕಾರನ್ನು ನಾನೇ ಇಟ್ಟುಕೊಳ್ಳುವುದು. ‘ನೆಟ್ ಆಫ್ ಸಾಲ್ವೇಜ್’ ಎಂದು ಇದನ್ನು ಕರೆಯುತ್ತಾರೆ. ದಾರಿ ನ್ಯಾಯವಾದದ್ದೇ, ಆದರೆ ಗುಜರಿಯ ಬೆಲೆಯನ್ನು ಅವರು ₹90,000 ಎಂದು ಹಿಡಿದಿದ್ದರು. ₹2,20,000ದಲ್ಲಿ ಅದನ್ನೂ ₹1,000ವನ್ನೂ ಕಳೆದರೆ ₹1,29,000, ಅಂದರೆ ದುರಸ್ತಿಯ ಲೆಕ್ಕದಲ್ಲಿ ಅವರು ಕೊಡಬೇಕಾಗಿದ್ದ ₹1,27,000ಕ್ಕೂ ಇದಕ್ಕೂ ಹೆಚ್ಚೇನೂ ವ್ಯತ್ಯಾಸವಿರಲಿಲ್ಲ.

₹90,000 ಎಲ್ಲಿಂದ ಬಂತೆಂದು ಕೇಳಿ, ಆನ್‌ಲೈನ್ ಹರಾಜಿನ ಬಿಡ್ ಪ್ರತಿಯನ್ನು ತರಿಸಿಕೊಂಡೆ. ಅದು ಆರ್‌ಸಿ (ನೋಂದಣಿ ಪತ್ರ) ಸಮೇತ ಕಾರಿಗೆ ಬಂದ ಬಿಡ್ ಆಗಿತ್ತು. ಆರ್‌ಸಿ ಇರುವ ಜಖಂ ಕಾರಿಗೂ ಆರ್‌ಸಿ ರದ್ದಾದ ಕಾರಿಗೂ ಬೆಲೆಯಲ್ಲಿ ಬಹಳ ಅಂತರವಿದೆ. ಜಖಂ ಕಾರಿನ ದಾಖಲೆ ಮತ್ತು ಚಾಸಿಸ್ ನಂಬರನ್ನು ಕದ್ದ ಕಾರಿಗೆ ಹೊಂದಿಸುವ ದಂಧೆಯೂ ಇರುವುದರಿಂದ, ನನ್ನ ಹೆಸರಿನ ಆರ್‌ಸಿಯನ್ನು ಅಪರಿಚಿತರ ಕೈಗೆ ಕೊಡಲು ನಾನು ಸಿದ್ಧನಿರಲಿಲ್ಲ. ಇತ್ತ ಕಂಪನಿಯವರು ತಮ್ಮ ಪತ್ರದಲ್ಲಿಯೇ ಆರ್‌ಸಿ ರದ್ದು ಮಾಡಿಸಿ ದಾಖಲೆ ಕೊಡಬೇಕೆಂದು ಕೇಳಿದ್ದರು. ಆರ್‌ಸಿ ರದ್ದು ಮಾಡಿಸಬೇಕಾದರೆ ಆರ್‌ಸಿ ಇಲ್ಲದ ಕಾರಿನ ಬೆಲೆಯನ್ನೇ ಹಿಡಿಯಬೇಕಲ್ಲವೇ ಎಂಬ ನನ್ನ ಪ್ರಶ್ನೆಗೆ ಅವರಲ್ಲಿ ಉತ್ತರವಿರಲಿಲ್ಲ.

ಮೈಸೂರಿನ ಒಬ್ಬರು, ಮಂಡ್ಯದ ಒಬ್ಬರು ಗುಜರಿ ವ್ಯಾಪಾರಿಗಳನ್ನು ಕರೆಸಿ ತೋರಿಸಿದೆ. ಮಂಡ್ಯದವರು ಬಾನೆಟ್ ಎತ್ತಿ, ಎಂಜಿನ್ ಆಯಿಲ್ ಕಡ್ಡಿ ಎಳೆದು ಬೆರಳಿನಲ್ಲಿ ಒರೆಸಿ ನೋಡಿ, “ಬಾಡಿ ಹೋಗ್ಬುಟ್ಟದೆ ಸಾರ್, ಇಂಜಿನ್ನು, ಗೇರ್‌ಬಾಕ್ಸು, ನಾಕು ವೀಲು, ಇಷ್ಟಕ್ಕೇ ಕಾಸು” ಎಂದರು. ಆರ್‌ಸಿ ಇಲ್ಲದೆ ₹58,000 ಎಂದು ಅವರು, ₹55,000 ಎಂದು ಮೈಸೂರಿನವರು ತಮ್ಮ ಲೆಟರ್‌ಹೆಡ್ಡಿನಲ್ಲಿ ಬರೆದುಕೊಟ್ಟರು. ಎರಡನ್ನೂ ಲಗತ್ತಿಸಿ, ಆರ್‌ಸಿ ರದ್ದಾದ ಕಾರಿಗೆ ₹90,000 ಕೊಡುವವರು ಇದ್ದರೆ ಕಂಪನಿಯೇ ಅವರಿಗೆ ಮಾರಲಿ, ನನಗೆ ₹2,19,000 ಕೊಡಲಿ, ಕಾರಿನ ಕೀಲಿಯನ್ನು ಅಂದೇ ಒಪ್ಪಿಸುತ್ತೇನೆ ಎಂದು ಬರೆದೆ. ಒಪ್ಪಿಗೆಯಾಗದಿದ್ದರೆ ವಿಮಾ ದೂರುಗಳನ್ನು ವಿಚಾರಿಸುವ, ಬೆಂಗಳೂರಿನಲ್ಲಿರುವ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ಹೋಗುವುದಾಗಿಯೂ ತಿಳಿಸಿದ್ದೆ. ಕಂಪನಿಗೆ ಲಿಖಿತ ದೂರು ಕೊಟ್ಟು, ಒಂದು ತಿಂಗಳೊಳಗೆ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ಅಲ್ಲಿಗೆ ಶುಲ್ಕವಿಲ್ಲದೆ, ವಕೀಲರಿಲ್ಲದೆ ಹೋಗಬಹುದು. ನನಗೆ ಆ ಅಗತ್ಯ ಬೀಳಲಿಲ್ಲ. ಗುಜರಿಯ ಬೆಲೆಯನ್ನು ಅವರು ₹62,000ಕ್ಕೆ ಇಳಿಸಿದರು, ನಾನು ಒಪ್ಪಿದೆ. ₹58,000ಕ್ಕೇ ಹಿಡಿದು ನಿಲ್ಲಬಹುದಿತ್ತು. ಆದರೆ ₹4,000ಕ್ಕಾಗಿ ಇನ್ನಷ್ಟು ಕಾಲ ವರ್ಕ್‌ಶಾಪಿನವರ ಜಾಗ ಕಟ್ಟಿಹಾಕುವುದು ನನಗೆ ಸರಿಕಾಣಲಿಲ್ಲ.

ಮೊತ್ತಕ್ಕೆ ಒಪ್ಪಿ ಸಹಿ ಹಾಕಬೇಕಾದ ಡಿಸ್ಚಾರ್ಜ್ ವೋಚರ್ ಬಂದಾಗ ಮೊತ್ತದ ಜಾಗ ಖಾಲಿಯಿತ್ತು. ಅಂಕಿಯಲ್ಲಿಯೂ ಅಕ್ಷರದಲ್ಲಿಯೂ ₹1,57,000 ಎಂದು ಭರ್ತಿ ಮಾಡಿಸಿಕೊಂಡ ಮೇಲೆಯೇ ಸಹಿ ಹಾಕಿದೆ. ಆರ್‌ಟಿಒ ಕಚೇರಿಯಲ್ಲಿ ಮೋಟಾರು ವಾಹನ ಕಾಯ್ದೆಯ 55ನೇ ಸೆಕ್ಷನ್ ಪ್ರಕಾರ ನೋಂದಣಿ ರದ್ದತಿಗೆ ಅರ್ಜಿ ಕೊಟ್ಟು, ಚಾಸಿಸ್ ನಂಬರ್ ಇರುವ ತಗಡಿನ ತುಂಡನ್ನು ಕತ್ತರಿಸಿ ಒಪ್ಪಿಸಿದೆ. ರದ್ದತಿಯ ಆದೇಶ ಕೈಗೆ ಬಂದ ನಂತರವೇ ಮಂಡ್ಯದ ವ್ಯಾಪಾರಿ ₹58,000 ಕೊಟ್ಟು ಕಾರನ್ನು ಲಾರಿಗೆ ಹತ್ತಿಸಿಕೊಂಡು ಹೋದರು. ಅವರಿಂದ ಪಡೆದ ರಸೀದಿಯಲ್ಲಿ ಎಂಜಿನ್ ನಂಬರನ್ನೂ, ‘ಬಿಡಿಭಾಗಗಳಿಗಾಗಿ ಮಾತ್ರ’ ಎಂಬ ಮಾತನ್ನೂ ಬರೆಸಿಕೊಂಡಿದ್ದೇನೆ.