ನಕಲಿ ಬೇರಿಂಗ್ ಬಂದರಿನಲ್ಲೇ ತಡೆದದ್ದು: ನನ್ನ ಅನುಭವ

ನಾನು ಒಂದು ಬೇರಿಂಗ್ ಕಂಪನಿಯಲ್ಲಿ ಬ್ರ್ಯಾಂಡ್ ಮತ್ತು ಲೀಗಲ್ ಕೆಲಸ ನೋಡಿಕೊಳ್ಳುತ್ತೇನೆ. ನಮ್ಮ ಹೆಸರಿನ ನಕಲಿ ಮಾಲು ಅಂಗಡಿಗಳಲ್ಲಿ ಜಾಸ್ತಿ ಆದಾಗ ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆವು, ಪೊಲೀಸರನ್ನು ಕರೆದುಕೊಂಡು ಹೋಗಿ ರೇಡ್. ಒಂದು ಅಂಗಡಿಯಲ್ಲಿ ನಾಲ್ಕು ಡಬ್ಬ ಸಿಗುವಷ್ಟರಲ್ಲಿ ಪಕ್ಕದವನು ಶಟರ್ ಎಳೆದಿರುತ್ತಾನೆ. ಮಾಲು ಬರುವುದು ಹೊರದೇಶದಿಂದ, ಕಂಟೇನರ್‌ನಲ್ಲಿ. ಅದು ನೂರಾರು ಅಂಗಡಿಗೆ ಹಂಚಿಹೋಗುವ ಮೊದಲೇ ಬಂದರಿನಲ್ಲಿ ಹಿಡಿಸುವುದು ಮೇಲು ಅಲ್ವಾ?

ಅದಕ್ಕೆ ನಮ್ಮ ದೇಶದಲ್ಲಿ ದಾರಿ ಇದೆ. ಆಮದು ಸರಕಿನ ಮೇಲೆ ಬೌದ್ಧಿಕ ಆಸ್ತಿ ಹಕ್ಕು ಜಾರಿ ಮಾಡುವ ನಿಯಮಗಳು ಕಸ್ಟಮ್ಸ್ ಕಾಯ್ದೆಯ ಅಡಿ 2007ರಲ್ಲಿ ಬಂದವು. ಟ್ರೇಡ್‌ಮಾರ್ಕ್, ಕಾಪಿರೈಟ್, ಡಿಸೈನ್, ಜಿಐ (ಮೈಸೂರು ಸಿಲ್ಕ್ ತರಹ ಊರಿನ ಹೆಸರಿಗೆ ಸಿಗುವ ಭೌಗೋಳಿಕ ಗುರುತು), ಇವಿಷ್ಟಕ್ಕೆ ಅನ್ವಯ. ಪೇಟೆಂಟ್ ಕೂಡ ಇತ್ತು, 2018ರಲ್ಲಿ ತೆಗೆದರು. ತೆಗೆದದ್ದು ಸರಿ ಅಂತಲೇ ನನ್ನ ಅಭಿಪ್ರಾಯ. ಡಬ್ಬದ ಮೇಲಿನ ಹೆಸರು ಅಸಲಿಯೋ ನಕಲಿಯೋ ಅಂತ ಶೆಡ್ಡಿನಲ್ಲಿ ನಿಂತ ಅಧಿಕಾರಿ ನೋಡಿ ಹೇಳಬಹುದು. ಫೋನಿನೊಳಗಿನ ತಂತ್ರಜ್ಞಾನ ಯಾರ ಪೇಟೆಂಟಿಗೆ ಸೇರುತ್ತದೆ ಅಂತ ಅವರು ಅಲ್ಲೇ ನಿಂತು ಹೇಗೆ ತೀರ್ಮಾನ ಮಾಡಬೇಕು?

ಇದಕ್ಕೆ ಮೊದಲು ಕಸ್ಟಮ್ಸ್‌ನಲ್ಲಿ ನಮ್ಮ ಹಕ್ಕು ನೋಂದಾಯಿಸಬೇಕು. ಅದು ದೊಡ್ಡ ವಿಷಯವೇ ಅಲ್ಲ. ಕಸ್ಟಮ್ಸ್‌ನವರ ಐಸ್‌ಗೇಟ್ ಪೋರ್ಟಲ್‌ನಲ್ಲಿ ಅರ್ಜಿ ತುಂಬಿ ಟ್ರೇಡ್‌ಮಾರ್ಕ್ ಸರ್ಟಿಫಿಕೇಟ್, ಪವರ್ ಆಫ್ ಅಟಾರ್ನಿ ಎಲ್ಲ ಹಾಕಿದರೆ ಒಂದು ತಾತ್ಕಾಲಿಕ ನಂಬರ್ ಬರುತ್ತದೆ. ಆ ನಂಬರ್ ಇಟ್ಟುಕೊಂಡು ಕಾಗದಪತ್ರ, 2,000 ರೂಪಾಯಿ ಶುಲ್ಕ, ಜನರಲ್ ಬಾಂಡ್ (ದೂರು ತಪ್ಪಾದರೆ ನಷ್ಟ ತುಂಬಿಕೊಡುತ್ತೇವೆ ಅನ್ನುವ ಮುಚ್ಚಳಿಕೆ) ಇಷ್ಟನ್ನು ಕಸ್ಟಮ್ಸ್ ಕಮಿಷನರ್ ಕಚೇರಿಗೆ ಕೊಡಬೇಕು. ಎಲ್ಲ ಸರಿಯಿದ್ದರೆ ಖಾಯಂ ನಂಬರ್. ಒಂದು ಕಡೆ ಆದರೆ ಸಾಕು, ದೇಶದ ಬೇರೆ ಬಂದರು, ಏರ್ ಕಾರ್ಗೋಗಳ ಸಿಸ್ಟಮ್‌ನಲ್ಲೂ ಕಾಣುತ್ತದೆ.

ಇಲ್ಲಿಗೇ ನಿಲ್ಲಿಸಿ ಕಾಯುತ್ತಾ ಕೂತವರನ್ನು ತುಂಬಾ ನೋಡಿದ್ದೇನೆ. ನಂಬರ್ ಬಂತು, ಇನ್ನು ಕಸ್ಟಮ್ಸ್‌ನವರು ಹಿಡಿದುಕೊಡುತ್ತಾರೆ ಅಂತ. ಅವರ ಮುಂದೆ ದಿನಕ್ಕೆ ಎಷ್ಟು ಬಿಲ್ ಆಫ್ ಎಂಟ್ರಿ (ಆಮದುದಾರ ಸಲ್ಲಿಸುವ ಸರಕಿನ ವಿವರಪತ್ರ) ಬರುತ್ತದೆ ಯೋಚಿಸಿ. ಅಧಿಕಾರಿಗೆ ಬೇರಿಂಗ್ ಬಗ್ಗೆ ಏನು ಗೊತ್ತಿರಬೇಕು? ಅದಕ್ಕೇ ನಾವು ಜಾಸ್ತಿ ತಲೆ ಕೆಡಿಸಿಕೊಂಡದ್ದು ಗುರುತು ಹಿಡಿಯುವ ಗೈಡ್ ಮೇಲೆ. ಎಂಜಿನಿಯರ್‌ಗಳು ಬರೆದುಕೊಟ್ಟದ್ದರಲ್ಲಿ ಗಡಸುತನ, ಒಳಗಿನ ಸಂದಿನ ಅಳತೆ, ಗ್ರೀಸ್ ಗ್ರೇಡ್ ಎಲ್ಲ ಇತ್ತು. ಎಲ್ಲ ತೆಗೆದು ಹಾಕಿದೆ. ಲ್ಯಾಬ್ ಇಲ್ಲದೆ ಬರಿ ಕಣ್ಣಿಗೆ, ಬೆರಳಿಗೆ ಗೊತ್ತಾಗುವುದು ಮಾತ್ರ ಇರಲಿ ಅಂತ. ನಮ್ಮ ಅಸಲಿ ಮಾಲಿನಲ್ಲಿ ಹೊರ ರಿಂಗಿನ ಮೇಲೆ ಗುರುತನ್ನು ಲೇಸರ್‌ನಲ್ಲಿ ಬರೆಯುತ್ತೇವೆ. ಉಗುರಿನಲ್ಲಿ ಸವರಿದರೆ ನುಣುಪಾಗಿರುತ್ತದೆ. ನಕಲಿಯಲ್ಲಿ ಆಸಿಡ್ ಹಾಕಿ ಕೊರೆದಿರುತ್ತಾರೆ, ಅಕ್ಷರದ ಅಂಚು ಕಪ್ಪಗೆ ಹರಡಿಕೊಂಡಿರುತ್ತದೆ. ಇನ್ನೊಂದು, ಡಬ್ಬದ ಮೇಲಿನ ಬ್ಯಾಚ್ ನಂಬರೂ ಒಳಗಿನ ಬೇರಿಂಗ್ ಮೇಲಿನ ನಂಬರೂ ಒಂದೇ ಇರಬೇಕು. ಎರಡು ಫೋಟೋ ಪಕ್ಕಪಕ್ಕ, ಒಂದು ಬಾಣದ ಗುರುತು, ಅಷ್ಟೇ. ಒಟ್ಟು ಎರಡು ಪುಟ.

ಜೊತೆಗೆ ನಮ್ಮ ಪರವಾಗಿ ಆಮದು ಮಾಡುವವರ ಪಟ್ಟಿಯನ್ನೂ ಅವರ ಐಇಸಿ ನಂಬರ್ (ಆಮದು-ರಫ್ತು ಮಾಡುವವರಿಗೆ ಸರ್ಕಾರ ಕೊಡುವ ಕೋಡ್) ಸಮೇತ ಕಸ್ಟಮ್ಸ್‌ಗೆ ಕೊಡಬೇಕು. ಕೆಲವು ಸೈಜ್‌ಗಳನ್ನು ನಾವೇ ಹೊರಗಡೆ ಮಾಡಿಸಿ ತರಿಸುತ್ತೇವೆ. ಪಟ್ಟಿ ಕೊಡದಿದ್ದರೆ ನಿಮ್ಮ ಮಾಲೇ ನಿಮ್ಮ ದೂರಿನ ಮೇಲೆ ನಿಂತುಕೊಳ್ಳುತ್ತದೆ!

ಆಮೇಲೆ ಮುಂಬೈ ಹತ್ತಿರದ ನ್ಹಾವಾ ಶೇವಾ ಬಂದರಿನ ಕಸ್ಟಮ್ಸ್‌ನಿಂದ ಒಂದು ಮೇಲ್ ಬಂತು. ಬೇರೆ ಬಿಡಿಭಾಗಗಳ ಮಧ್ಯೆ ನಮ್ಮ ಹೆಸರಿನ ಡಬ್ಬಗಳು ಸಿಕ್ಕಿವೆ, ಕ್ಲಿಯರೆನ್ಸ್ ತಡೆದಿದ್ದೇವೆ ಅಂತ. ಇಲ್ಲಿಂದ ಮುಂದೆ ಎಲ್ಲ ಓಟವೇ. ಮಾಲು ತಡೆದ 3 ದಿನದೊಳಗೆ ಆ ಕನ್‌ಸೈನ್‌ಮೆಂಟಿಗೆ ಅಂತಲೇ ಬೇರೆ ಬಾಂಡ್ ಕೊಡಬೇಕು, ಮಾಲಿನ ಬೆಲೆಯ 110 ಪರ್ಸೆಂಟ್. ಬಾಂಡ್ ಮೊತ್ತದ 25 ಪರ್ಸೆಂಟ್ ಸೆಕ್ಯುರಿಟಿ. ಅಂದರೆ 20 ಲಕ್ಷದ ಮಾಲಾದರೆ 22 ಲಕ್ಷದ ಬಾಂಡ್, 5.5 ಲಕ್ಷ ಸೆಕ್ಯುರಿಟಿ. ನಮ್ಮ ದೂರು ಸುಳ್ಳಾದರೆ ಆಮದುದಾರನಿಗೆ ಆಗುವ ನಷ್ಟಕ್ಕೆ ಅದು ಆಧಾರ, ಆದ್ದರಿಂದ ನ್ಯಾಯವೇ. ಆದರೆ ಕಂಪನಿಯಲ್ಲಿ ಬ್ಯಾಂಕ್ ಗ್ಯಾರಂಟಿಗೆ ಯಾರ ಸಹಿ ಬೇಕು, ಅವರು ಊರಲ್ಲಿದ್ದಾರಾ, ಇದೆಲ್ಲ ಆಗ ಹುಡುಕಿದರೆ ಕೆಲಸ ಕೆಟ್ಟಂತೆಯೇ. ನಾನು ಫೈನಾನ್ಸ್‌ನವರ ಹತ್ತಿರ ಮೊದಲೇ ಒಂದು ಮಿತಿಯವರೆಗೆ ಒಪ್ಪಿಗೆ ಬರೆಸಿ ಇಟ್ಟಿದ್ದೆ. ನೋಟಿಸ್ ಬರುವ ಮೇಲ್ ಐಡಿಯನ್ನು ಒಬ್ಬರದಲ್ಲ, ಮೂರು ಜನ ನೋಡುವ ಹಾಗೆ ಮಾಡಿದ್ದೆ. ಯಾಕಂದರೆ ದಿನದ ಲೆಕ್ಕ ಶುರುವಾಗುವುದು ಮಾಲು ತಡೆದ ದಿನದಿಂದ, ನೀವು ಮೇಲ್ ತೆರೆದ ದಿನದಿಂದ ಅಲ್ಲ.

ಇನ್ನೊಂದು ಗಡುವು 10 ಕೆಲಸದ ದಿನ. ಅಷ್ಟರೊಳಗೆ ನಾವು ಕಸ್ಟಮ್ಸ್ ನಡೆಸುವ ವಿಚಾರಣೆಗೆ ಸೇರದಿದ್ದರೆ, ಬೇರೆ ತಕರಾರಿಲ್ಲದಿದ್ದರೆ, ಮಾಲು ಬಿಟ್ಟುಬಿಡುತ್ತಾರೆ. ಕಾರಣ ಕೊಟ್ಟರೆ ಇನ್ನೂ 10 ದಿನ ಕೇಳಬಹುದು. ಬೇಗ ಕೆಡುವ ಮಾಲಾದರೆ ಮೊದಲ ಗಡುವು 3 ಕೆಲಸದ ದಿನ.

ಪರಿಶೀಲನೆಗೆ ಹೋದಾಗ ಆಮದುದಾರನ ಕಡೆಯ ಕಸ್ಟಮ್ಸ್ ಬ್ರೋಕರ್ ಕೂಡ ಬಂದಿದ್ದರು. ಎರಡೂ ಕಡೆಯವರಿಗೂ ಮಾಲು ನೋಡುವ ಹಕ್ಕಿದೆ, ಸ್ಯಾಂಪಲ್ ಕೇಳಬಹುದು. ನಾನು ಚೀಲದಲ್ಲಿ ಅದೇ ಸೈಜಿನ ಅಸಲಿ ಬೇರಿಂಗ್ ಒಯ್ದಿದ್ದೆ. ಭಾಷಣ ಮಾಡಲಿಲ್ಲ. ಬೇರೆ ಬೇರೆ ಪೆಟ್ಟಿಗೆಯಿಂದ ಡಬ್ಬ ತೆಗೆಸಿ ಸಾಲಾಗಿ ಇಟ್ಟೆ. ಎಲ್ಲದರ ಮೇಲೂ ಒಂದೇ ಬ್ಯಾಚ್ ನಂಬರ್, ಮೂರು ಬೇರೆ ಸೈಜಿಗೂ! ನಮ್ಮಲ್ಲಿ ಎರಡು ಸೈಜಿಗೆ ಒಂದೇ ನಂಬರ್ ಬರುವುದು ಸಾಧ್ಯವೇ ಇಲ್ಲ. ಅಧಿಕಾರಿ ತಾವೇ ಉಗುರಿನಲ್ಲಿ ರಿಂಗ್ ಸವರಿ ನೋಡಿ, ಇನ್ನೊಂದನ್ನು ಸವರಿ, ಬ್ರೋಕರ್ ಕೈಗೆ ಕೊಟ್ಟರು. ಅವರು ಏನೂ ಹೇಳಲಿಲ್ಲ.

ಆಮದುದಾರನ ವಾದ ಮಾತ್ರ ಬುದ್ಧಿವಂತಿಕೆಯದ್ದು. ಇದು ಅಸಲಿ ಮಾಲೇ, ಹೊರದೇಶದ ಡೀಲರ್ ಹತ್ತಿರ ಕೊಂಡಿದ್ದೇವೆ, ಪ್ಯಾರಲಲ್ ಇಂಪೋರ್ಟ್ ಅಂದರು. ಈ ವಾದಕ್ಕೆ ನಿಜಕ್ಕೂ ಬಲ ಇದೆ. ಕಂಪನಿಯೇ ಮಾರಿದ ಅಸಲಿ ಮಾಲನ್ನು ಬೇರೆಯವರು ಹೊರಗೆ ಕೊಂಡು ಇಲ್ಲಿಗೆ ತಂದರೆ ಟ್ರೇಡ್‌ಮಾರ್ಕ್ ಕಾಯ್ದೆಯ 30ನೇ ಸೆಕ್ಷನ್ ಪ್ರಕಾರ ಸಾಮಾನ್ಯವಾಗಿ ತಡೆಯಲು ಬರುವುದಿಲ್ಲ, ಮಾಲು ಬದಲಾಗಿರಬಾರದು, ಕೆಟ್ಟಿರಬಾರದು ಅಷ್ಟೇ. 2012ರಲ್ಲಿ ಕಸ್ಟಮ್ಸ್ ಸುತ್ತೋಲೆಯೂ ಬಂತು, ಅದೇ ವರ್ಷ ದೆಹಲಿ ಹೈಕೋರ್ಟ್‌ನ ವಿಭಾಗೀಯ ಪೀಠ ಸ್ಯಾಮ್‌ಸಂಗ್ ಪ್ರಿಂಟರ್ ಕೇಸಿನಲ್ಲಿ ಹಾಗೇ ಹೇಳಿತು. ನಮ್ಮ ಕೇಸಿನಲ್ಲಿ ಗುರುತೇ ನಕಲಿಯಾದ್ದರಿಂದ ವಾದ ನಿಲ್ಲಲಿಲ್ಲ. ಆದರೆ ಸೇಲ್ಸ್‌ನವರು ಆಗಾಗ ಬಂದು, ಆ ವ್ಯಾಪಾರಿ ಅಸಲಿ ಮಾಲನ್ನೇ ಕಡಿಮೆ ಬೆಲೆಗೆ ತರಿಸುತ್ತಾನೆ, ಅವನನ್ನೂ ಹೀಗೇ ನಿಲ್ಲಿಸಿ ಅನ್ನುತ್ತಾರೆ. ಸುಮ್ನೆ ಕೈ ಸುಟ್ಟುಕೊಳ್ಳುವ ಕೆಲಸ ಅದು. ನಾನು ಒಪ್ಪುವುದಿಲ್ಲ.

ಮುಟ್ಟುಗೋಲು ಆದೇಶ ಬಂದಮೇಲೂ ಖರ್ಚು ನಿಲ್ಲಲಿಲ್ಲ. ನಾಶ ಮಾಡುವ ಖರ್ಚು, ಅಲ್ಲಿಯವರೆಗಿನ ಡೆಮರೇಜ್, ಡಿಟೆನ್ಷನ್ (ಮಾಲು, ಕಂಟೇನರ್ ಬಂದರಿನಲ್ಲೇ ಉಳಿದದ್ದಕ್ಕೆ ಕಟ್ಟುವ ಶುಲ್ಕ), ಎಲ್ಲ ಹಕ್ಕುದಾರರದೇ. ಇದನ್ನು ಮ್ಯಾನೇಜ್‌ಮೆಂಟ್‌ಗೆ ಮೊದಲೇ ಹೇಳಿಡಿ, ಇಲ್ಲದಿದ್ದರೆ ಬಿಲ್ ಬಂದ ದಿನ ನಿಮ್ಮನ್ನೇ ಕೇಳುತ್ತಾರೆ. ಹೆಸರು ಉಜ್ಜಿ ಹರಾಜು ಹಾಕಿಸಬಹುದಲ್ಲ ಅಂತ ನಮ್ಮಲ್ಲೂ ಒಬ್ಬರು ಕೇಳಿದರು. ವ್ಯಾಪಾರದ ಮಾಮೂಲಿ ದಾರಿಗೆ ಆ ಮಾಲು ಮತ್ತೆ ಬರಬಾರದು ಅನ್ನುವುದೇ ನಿಯಮದ ಉದ್ದೇಶ. ಇದ್ದ ಹಾಗೇ ವಾಪಸ್ ರಫ್ತು ಮಾಡಲೂ ಬಿಡುವುದಿಲ್ಲ. ಹೆಸರು ಹೋದರೂ ಅದು ಕಳಪೆ ಬೇರಿಂಗೇ, ಯಾರದೋ ಬೈಕಿನ ಚಕ್ರಕ್ಕೆ ಹೋಗಿ ಕೂರುತ್ತದೆ. ಅಧಿಕಾರಿಗಳ ಎದುರಿಗೇ ಕತ್ತರಿಸಿ ಗುಜರಿ ಮಾಡಿದೆವು.

ಈ ದಾರಿಯಲ್ಲಿ ಸಿಕ್ಕಿಬೀಳದ್ದೂ ಇದೆ. ಸ್ವಂತ ಬಳಕೆಗೆ ಅಂತ ಬ್ಯಾಗೇಜಿನಲ್ಲಿ, ಸಣ್ಣ ಪಾರ್ಸೆಲ್‌ನಲ್ಲಿ ಬರುವುದಕ್ಕೆ ಈ ನಿಯಮ ಅನ್ವಯಿಸುವುದಿಲ್ಲ. ಈಗ ಕೆಲವರು ಹೆಸರೇ ಇಲ್ಲದ ಬೇರಿಂಗ್ ತರಿಸಿ, ಇಲ್ಲಿ ಗುರುತು ಕೊರೆದು, ಡಬ್ಬವನ್ನೂ ಇಲ್ಲೇ ಪ್ರಿಂಟ್ ಮಾಡಿಸುತ್ತಿದ್ದಾರೆ. ಬಂದರಿನಲ್ಲಿ ಅದನ್ನು ತಡೆಯಲು ಕಾರಣವೇ ಇರುವುದಿಲ್ಲ. ಹಾಗಾಗಿ ನಾವೀಗ ಡಬ್ಬ ಪ್ರಿಂಟ್ ಮಾಡಿಕೊಡುವವರ ಹಿಂದೆ ಬಿದ್ದಿದ್ದೇವೆ.